ಗಾಜಿನ ಮೇಲಿನ ವಿಭೂತಿ

ಅವ್ವಾ,

ಬದುಕಿದ್ದಾಗ ನಿನಗೆ ಓದಲು ಬರುತ್ತಿರಲಿಲ್ಲ. ಹಾಸನದ ಕಾಲೇಜಿನಿಂದ ನಾನು ಹಾಕುತ್ತಿದ್ದ ಕಾರ್ಡುಗಳನ್ನು ನೀನು ಕೊಣನೂರಿನ ಪೋಸ್ಟ್‌ಮ್ಯಾನ್ ಹತ್ತಿರ ಓದಿಸಿಕೊಳ್ಳುತ್ತಿದ್ದೆ. ಅವನು ಅರ್ಧ ನುಂಗಿ ಓದುತ್ತಾನೆ ಎಂದು ಬೈಯುತ್ತಲೂ ಇದ್ದೆ. ಈಗ ನೀನಿರುವ ಕಡೆ ಯಾರ ಹಂಗೂ ಬೇಕಿಲ್ಲವೇನೋ. ಅದಕ್ಕೇ ಏನನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ. ನಿನ್ನನ್ನೊಂದು ಮಾತು ಕೇಳಬೇಕು. ಇಲ್ಲಿ ಯಾರನ್ನಾದರೂ ಕೇಳಿದರೆ ನನಗೆ ತಲೆ ಕೆಟ್ಟಿದೆ ಅಂದಾರು.

ಆಯುಧಪೂಜೆಯ ದಿನ ನೀನು ಗುಡ್ಡಕ್ಕೆ ಬಂದದ್ದು ನೆನಪಿದೆಯಾ? ಕೊಣನೂರಿನಲ್ಲಿ ಮೊದಲ ಬಸ್ಸು ಹತ್ತಿ, ಹೊಳೆನರಸೀಪುರದಲ್ಲಿ ಒಂದು, ಚನ್ನರಾಯಪಟ್ಟಣದಲ್ಲಿ ಇನ್ನೊಂದು ಬಸ್ಸು ಬದಲಾಯಿಸಿ, ಹಿರೀಸಾವೆಯಲ್ಲಿ ಇಳಿದು, ದಾರಿ ಕೇಳಿಕೊಂಡು ಬಂದಿದ್ದೆ. ಕಂಕುಳಲ್ಲಿ ಒಬ್ಬಟ್ಟಿನ ಗಂಟು. ಮಗ ದೊಡ್ಡ ನೌಕರಿಯಲ್ಲಿದ್ದಾನೆ ಎಂದು ಊರಿಗೆಲ್ಲ ಹೇಳಿಕೊಂಡವಳಿಗೆ ಇಲ್ಲಿ ಕಂಡದ್ದೇನು? ಬೋಳು ಬಂಡೆಯ ಮೇಲೊಂದು ತಗಡಿನ ಶೆಡ್ಡು, ಒಳಗೊಂದು ದೂರದರ್ಶಕ, ನಾನು, ನಮ್ಮ ಸಾಹೇಬರು. "ಇದೇನ್ಲಾ ಮಗ, ನೆಟ್ಟಗೆ ಸೂರೂ ಇಲ್ವಲ್ಲ!" ಅಂದೆ. ಆಕಾಶ ಕಾಣಲಿ ಅಂತಲೇ ಸೂರು ಸರಿಯುವ ಹಾಗೆ ಕಟ್ಟಿದ್ದಾರೆ ಎಂದರೆ ನೀನು ನಂಬಲೇ ಇಲ್ಲ.

ಒಬ್ಬಟ್ಟಿನ ಗಂಟು ಬಿಚ್ಚುತ್ತಾ ನನ್ನ ಕೆಲಸವೇನು ಎಂದು ಕೇಳಿದೆ. ನಕ್ಷತ್ರಗಳ ಬೆಳಕನ್ನು ಗಾಜಿನ ಫಲಕದ ಮೇಲೆ ಬೀಳಿಸಿ, ಅದರಲ್ಲಿ ಮೂಡುವ ಗೆರೆಗಳನ್ನು ನೋಡಿ, ಬಿಸಿಯಾದವು ಇಷ್ಟು, ತಣ್ಣಗಿನವು ಇಷ್ಟು ಎಂದು ಗುಂಪು ಮಾಡುವುದು ಅಂದೆ. "ಅಂದ್ರೆ ಜಾತಿ ಮಾಡಾದು ಅನ್ನು. ಇಲ್ಲಿ ಮಾಡಿದ್ದು ಸಾಲ್ದು ಅಂತ ಅಲ್ಲಿಗೂ ಓಗಿದ್ದೀರಾ?" ಎಂದು ನೀನು ಕೇಳಿದಾಗ ಸಾಹೇಬರು ನಕ್ಕುಬಿಟ್ಟರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನ್ನ ಇನ್ನೊಂದು ಕೆಲಸವನ್ನು ಹೇಳಲು ನಾನು ಒದ್ದಾಡಿದೆ. ನಕ್ಷತ್ರದಿಂದ ಹೊರಟ ಬೆಳಕು ಎಲ್ಲ ದಿಕ್ಕಿಗೂ ನಡುಗುತ್ತಾ ಬರುತ್ತದೆ. ನಡುವೆ ಧೂಳಿನ ಮೋಡ ಸಿಕ್ಕಿದರೆ, ಅದನ್ನು ದಾಟಿ ಬರುವಷ್ಟರಲ್ಲಿ ಆ ನಡುಕ ಒಂದೇ ಕಡೆಗೆ ಒರಗುತ್ತದೆ, ಗಾಳಿಗೆ ರಾಗಿ ಪೈರು ಒರಗಿದ ಹಾಗೆ. ದೂರದರ್ಶಕದ ಬುಡದಲ್ಲಿ ಒಂದು ಪೆಟ್ಟಿಗೆ, ಪೆಟ್ಟಿಗೆಯ ಬಾಯಿಗೆ ಒಂದು ಗಾಜು, ಅದರ ಹಿಂದೆ ಒಂದು ಬಿಲ್ಲೆ. ಬಿಲ್ಲೆಯನ್ನು ತಿರುಗಿಸುತ್ತಾ ಹೋದರೆ ಮೀಟರಿನ ಮುಳ್ಳು ಏರುತ್ತದೆ, ಇಳಿಯುತ್ತದೆ. ಬೆಳಕು ಯಾವ ಕಡೆಗೆ ಒರಗಿದೆ, ಎಷ್ಟು ಒರಗಿದೆ ಎಂದು ಗೊತ್ತಾಗುತ್ತದೆ. ಪುಸ್ತಕದಲ್ಲಿ ಇದಕ್ಕೆ ಧ್ರುವೀಕರಣ ಅನ್ನುತ್ತಾರೆ. ನೀನು ಎಲ್ಲವನ್ನೂ ಕೇಳಿಸಿಕೊಂಡು, "ಅಷ್ಟು ದೂರದಿಂದ ಬರಾದು ನೆಟ್ಟಗೆ ಎಲ್ಲಿ ಬತ್ತದೆ ಬುಡು" ಅಂದೆ.

ಪೂಜೆಯ ವೇಳೆಗೆ ಪೆಟ್ಟಿಗೆಯನ್ನು ಬಿಚ್ಚಿ, ಒರೆಸಿ, ಮೇಜಿನ ಮೇಲೆ ಇಟ್ಟಿದ್ದೆವು. ಅರಿಶಿನ ಕುಂಕುಮ ಏನಿದ್ದರೂ ದೂರದರ್ಶಕದ ಕಂಬಕ್ಕೆ ಮಾತ್ರ, ಗಾಜಿನ ಹತ್ತಿರ ಯಾರೂ ಸುಳಿಯಕೂಡದು ಎಂದು ಸಾಹೇಬರು ಕಟ್ಟುನಿಟ್ಟು ಮಾಡಿದ್ದರು. ಅಪ್ಪ ಹೋದಾಗಿನಿಂದ ನೀನು ಕುಂಕುಮ ಮುಟ್ಟಿದವಳಲ್ಲ. ನಿನಗೆ ಗೊತ್ತಿದ್ದ ಆಶೀರ್ವಾದ ವಿಭೂತಿಯೊಂದೇ. ನಾವು ಹೊರಗೆ ಬೂದುಗುಂಬಳ ಒಡೆಯುತ್ತಿದ್ದಾಗ ನೀನು ಒಳಗೆ ಒಬ್ಬಳೇ ಉಳಿದಿದ್ದೆ. ಆಮೇಲೆ ಸೆರಗಿಗೆ ಬೆರಳು ಒರೆಸಿಕೊಳ್ಳುತ್ತಾ ಬಂದು, "ಆಯ್ತು ಬಾ ಮಗ, ಇನ್ನೇನೂ ಆಗಾಕಿಲ್ಲ" ಅಂದೆ. ಏನು ಆಯಿತು, ಏನು ಆಗುವುದಿಲ್ಲ ಎಂದು ನಾನು ಕೇಳಲಿಲ್ಲ. ಹಸಿ ವಿಭೂತಿ ಕಣ್ಣಿಗೆ ಕಾಣುವುದಿಲ್ಲ, ಒಣಗಿದ ಮೇಲೆ ತಾನೇ ಬೆಳ್ಳಗೆ ಏಳುವುದು. ಅದು ಒಣಗುವ ಮೊದಲೇ ಪೆಟ್ಟಿಗೆಯನ್ನು ಜೋಡಿಸಿ ಮುಗಿಸಿದ್ದೆವು.

ದೀಪಾವಳಿಗೂ ಮೊದಲೇ ತಂತಿ ಬಂತು. ನಾನು ಊರಿಗೆ ಬರುವಷ್ಟರಲ್ಲಿ ನಿನ್ನನ್ನು ಜಗುಲಿಯ ಮೇಲೆ ಕೂರಿಸಿದ್ದರು. ಹಿಂದಿನ ದಿನ ಹೊಲದಿಂದ ಬಂದು, ಎದೆ ಹಿಡಿಯುತ್ತದೆ ಎಂದು ನಡುಮನೆಯಲ್ಲಿ ಒರಗಿದವಳು ಮೇಲೇಳಲಿಲ್ಲವಂತೆ. ನಿನ್ನದೊಂದು ಫೋಟೋ ತೆಗೆಸಬೇಕು ಅಂತ ಅರಕಲಗೂಡಿಗೆ ಬಾ ಎಂದು ಎಷ್ಟು ಕರೆದಿದ್ದೆ! "ಈ ಮೊಕ ಹಿಡ್ದು ಯಾರಿಗ್ ತೋರಿಸ್ಬೇಕಾಗೈತೆ" ಅಂದು ಪ್ರತಿ ಸಲ ತಪ್ಪಿಸಿಕೊಂಡೆ. ಸುಟ್ಟು ಬಂದ ಮೇಲೆ ಮನೆಯಲ್ಲಿ ನಿನ್ನ ಗುರುತು ಅನ್ನುವಂಥದ್ದು ಒಂದು ಸೀರೆ, ಒಂದು ಕುಡುಗೋಲು, ಅಷ್ಟೇ.

ತಿಥಿಯ ಹಿಂದಿನ ಸಂಜೆ, ನೀನು ಉಸಿರು ಬಿಟ್ಟ ಜಾಗದಲ್ಲಿ ಚಿಕ್ಕವ್ವ ಅಕ್ಕಿಹಿಟ್ಟನ್ನು ಜರಡಿಯಲ್ಲಿ ತೆಳ್ಳಗೆ ಉದುರಿಸಿ, ಮೇಲೆ ಮಂಕರಿ ಬೋರಲು ಹಾಕಿ, ಬಾಗಿಲು ಎಳೆದುಕೊಂಡಳು. ನೀನೂ ಅಜ್ಜಿಗೆ ಹೀಗೆಯೇ ಮಾಡಿದ್ದೆ, ನನಗೆ ನೆನಪಿದೆ. ಹಿಟ್ಟಿನ ಮೇಲೆ ಹಕ್ಕಿಯ ಕಾಲು ಮೂಡಿದರೆ ಹಕ್ಕಿಯಾಗಿ, ಹಸುವಿನ ಗೊರಸು ಮೂಡಿದರೆ ಹಸುವಾಗಿ ಹುಟ್ಟುತ್ತಾರೆ ಎಂದು ನಂಬಿಕೆ. ಬೆಳಿಗ್ಗೆ ಮಂಕರಿ ಎತ್ತಿದರೆ ಹಕ್ಕಿಯೂ ಇರಲಿಲ್ಲ, ಹಸುವೂ ಇರಲಿಲ್ಲ. ಹಿಟ್ಟಿನ ಮೇಲೆ ಓರೆಯಾಗಿ ಮೂರು ಗೆರೆ. ನಡುವಿನದು ಅರ್ಧಕ್ಕೆ ಕಡಿದು, ಮತ್ತೆ ಶುರುವಾಗಿತ್ತು.

ಚಿಕ್ಕವ್ವ ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನೋಡಿದಳು. ಆಮೇಲೆ, "ನೋಡ್ಲಾ, ಇದು ನಮ್ಮಕ್ಕನ ಕೈ ಕಣ್ಲಾ" ಅಂದಳು.

"ಇಲಿ ಬಾಲ ಎಳ್ದಿರ್ತದೆ ಚಿಕ್ಕವ್ವ."

"ಇಲಿಗೆ ಮೂರು ಬಾಲ ಇರ್ತವಾ? ಬಿಎಸ್ಸಿ ಓದವ್ನೆ, ಮಾತಾಡ್ತಾನೆ!"

ನಾನು ನಗಲು ನೋಡಿದೆ, ಆಗಲಿಲ್ಲ. ರಾಗಿ ಕೊಯ್ಯುವಾಗ ನಿನ್ನ ನಡುಬೆರಳಿಗೆ ಕುಡುಗೋಲು ತಾಗಿ, ಅದು ಸೆಟೆದುಕೊಂಡೇ ಉಳಿಯಿತಲ್ಲ. ಸೋಮವಾರ ಸೋಮವಾರ ನನ್ನ ಹಣೆಗೆ ನೀನು ವಿಭೂತಿ ಎಳೆದರೆ ನಡುವಿನ ಗೆರೆ ಯಾವಾಗಲೂ ಅರ್ಧಕ್ಕೆ ತುಂಡಾಗುತ್ತಿತ್ತು. ಸ್ಕೂಲಿನಲ್ಲಿ ಹುಡುಗರು ಅದಕ್ಕೆ ಎಷ್ಟು ಆಡಿಕೊಂಡು ನಗುತ್ತಿದ್ದರು! ಬಾಗಿಲ ಸಂದಿಯಿಂದ ಗಾಳಿ ಬಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಗುಡ್ಡಕ್ಕೆ ಹಿಂದಿರುಗಿದೆ.

ವಾಪಸು ಬಂದ ದಿನ ಕತ್ತಲಾಗುತ್ತಲೇ ಕೆಲಸಕ್ಕೆ ಕೂತೆ. ನಾವು ಆಗ ಆಕಾಶದ ಒಂದೇ ಮೂಲೆಯ ನಕ್ಷತ್ರಗಳನ್ನು ಅಳೆಯುತ್ತಿದ್ದೆವು. ಎಲ್ಲವೂ ಒಂದೇ ಕಡೆಗೆ ಒರಗಿದ್ದವು. ಸಾಹೇಬರಿಗೆ ಕುಣಿಯುವಷ್ಟು ಸಂತೋಷ. ಆ ಮೂಲೆಯಲ್ಲಿ ಯಾರಿಗೂ ಗೊತ್ತಿಲ್ಲದ ದೊಡ್ಡ ಧೂಳಿನ ಮೋಡವಿದೆ, ಇದನ್ನು ಬರೆದು ಕಳಿಸಿದರೆ ಗುಡ್ಡದ ಈ ತಾತ್ಕಾಲಿಕ ಶಿಬಿರ ಕಾಯಂ ಆಗುತ್ತದೆ, ನನ್ನ ಕೆಲಸವೂ ಕಾಯಂ ಅಂದರು. ನಾನು ಆ ಒರಗಿದ ದಿಕ್ಕನ್ನು ಕಾಗದದ ಮೇಲೆ ಗೆರೆ ಎಳೆದು ನೋಡುತ್ತಾ ಕೂತೆ. ಎಲ್ಲೋ ನೋಡಿದ ಓರೆ. ಎಲ್ಲಿ ಎಂದು ನೆನಪಾದಾಗ ಪೆನ್ಸಿಲ್ ಕೆಳಗಿಟ್ಟುಬಿಟ್ಟೆ.

ಮಾರನೆಯ ಸಂಜೆ ಸಾಹೇಬರನ್ನು ಒತ್ತಾಯಿಸಿ ದೂರದರ್ಶಕವನ್ನು ಒಂದು ಹತ್ತಿರದ ನಕ್ಷತ್ರಕ್ಕೆ ತಿರುಗಿಸಿದೆ. ನಮಗೂ ಅದಕ್ಕೂ ನಡುವೆ ಧೂಳೇ ಇಲ್ಲ, ಅದರ ಬೆಳಕು ಯಾವ ಕಡೆಗೂ ಒರಗಬಾರದು. ಒರಗಿತ್ತು. ಇನ್ನೊಂದಕ್ಕೆ ತಿರುಗಿಸಿದೆವು, ಅದೂ ಒರಗಿತ್ತು. ಪೂರ್ವಕ್ಕೆ, ಪಶ್ಚಿಮಕ್ಕೆ, ನೆತ್ತಿಯ ಮೇಲೆ, ಎಲ್ಲಿ ನೋಡಿದರೂ ಅದೇ ಓರೆ. ಸಾಹೇಬರ ಮುಖ ಸಪ್ಪಗಾಯಿತು. ನನಗೆ ಆದದ್ದು ಬೇರೆ. ಇಡೀ ಆಕಾಶ ಒಂದೇ ಕಡೆಗೆ ತಲೆ ವಾಲಿಸಿಕೊಂಡು ನನ್ನನ್ನು ನೋಡುತ್ತಿದೆ ಅನ್ನಿಸಿತು. ನಿನ್ನ ಆಣೆಗೂ ಹೇಳುತ್ತೇನೆ ಅವ್ವಾ, ನಾನು ಹೆದರಿದೆ.

ಬೆಳಗಾದ ಮೇಲೆ ಪೆಟ್ಟಿಗೆ ಬಿಚ್ಚಿದೆವು. ಗಾಜಿನ ಮೇಲೆ ಮೂರು ಬಿಳಿ ಗೆರೆ, ನಡುವಿನದು ತುಂಡು. ಮೇಜಿನ ಎದುರಿನಿಂದ ಎಟುಕದೆ ನೀನು ಪಕ್ಕದಿಂದ ಕೈ ಚಾಚಿದ್ದೆ ಅಂತ ಕಾಣುತ್ತದೆ, ಅದಕ್ಕೇ ಅವು ಓರೆಯಾಗಿದ್ದವು. ನಕ್ಷತ್ರಗಳೆಲ್ಲ ಒರಗಿದ್ದು ಆ ಬೂದಿಯ ಗೆರೆಗಳಿಂದ. ಮೋಡವೂ ಇಲ್ಲ, ಮಣ್ಣೂ ಇಲ್ಲ. ಸಾಹೇಬರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಹತ್ತಿಯನ್ನೂ ಸ್ಪಿರಿಟ್ಟಿನ ಸೀಸೆಯನ್ನೂ ನನ್ನ ಮುಂದಿಟ್ಟು, "ಒರೆಸಿಬಿಡಪ್ಪಾ" ಎಂದಷ್ಟೇ ಹೇಳಿದರು.

ನಾನು ಒರೆಸಲಿಲ್ಲ. ಹೇಗೆ ಒರೆಸಲಿ? ಆ ಹೊತ್ತಿಗೆ ಹಿಟ್ಟನ್ನು ಗುಡಿಸಿ ಹೊಳೆಗೆ ಬಿಟ್ಟಾಗಿತ್ತು, ನಿನ್ನನ್ನೂ... ಈ ಲೋಕದಲ್ಲಿ ನಿನ್ನ ಕೈಯ ಗುರುತು ಅಂತ ಉಳಿದದ್ದು ಅದೊಂದೇ. ಬೇರೆ ಗಾಜು ಹಾಕೋಣ ಎಂದರೆ ಅದು ಹೊರದೇಶದಿಂದ ತರಿಸಿದ್ದು, ಇನ್ನೊಂದು ಇಲ್ಲ. ನಾನು ಬಾಯಿಬಿಟ್ಟು ಏನೂ ಹೇಳದಿದ್ದರೂ ಸಾಹೇಬರಿಗೆ ತಿಳಿಯಿತು. "ಅದರದ್ದೊಂದು ಫೋಟೋ ತೆಗೆದುಕೋ, ಆಮೇಲೆ ಒರೆಸುವಿಯಂತೆ" ಅಂದರು. ನಕ್ಷತ್ರಗಳಿಗೆ ಬಳಸುವ ಒಳ್ಳೆಯ ಫಲಕವನ್ನೇ ಕೊಟ್ಟರು. ತೆಗೆದೆ. ಫಲಕವನ್ನು ತೊಳೆದು ನೋಡಿದರೆ ಗಾಜು ಬಂದಿತ್ತು, ಗಾಜಿನ ಅಂಚು ಬಂದಿತ್ತು, ಗೆರೆ ಬಂದಿರಲಿಲ್ಲ. ಮತ್ತೊಂದು ಫಲಕ ಹಾಳು ಮಾಡಿದೆ. ಅದರಲ್ಲೂ ಇಲ್ಲ. ಬೆಳಕು ಸಾಲದೇನೋ ಎಂದರು ಸಾಹೇಬರು, ಆದರೆ ಹಾಗೆನ್ನುವಾಗ ಅವರು ನನ್ನ ಮುಖ ನೋಡಲಿಲ್ಲ. ಸತ್ತ ಮೇಲೂ ಫೋಟೋಗೆ ಸಿಗುವುದಿಲ್ಲ ಎಂದು ಹಟ ಹಿಡಿದಿದ್ದೆಯಾ?

ಕೊನೆಗೆ ದಾರಿ ತೋರಿಸಿದವರೂ ಅವರೇ. ಒರೆಸುವ ಮೊದಲು ಗೆರೆಗಳಿಂದ ಬೆಳಕು ಎಷ್ಟು ಒರಗುತ್ತದೆ ಎಂದು ಸರಿಯಾಗಿ ಅಳೆದುಕೊಂಡರೆ, ಈವರೆಗಿನ ಲೆಕ್ಕದಿಂದ ಅಷ್ಟನ್ನು ಕಳೆದು ಕೆಲಸವನ್ನು ಉಳಿಸಿಕೊಳ್ಳಬಹುದು ಅಂದರು. ಆ ಸಂಜೆ ನಾನು ಅಳೆದದ್ದು ನಕ್ಷತ್ರವನ್ನಲ್ಲ, ನಿನ್ನ ಕೈಯನ್ನು. ಬೆಳಿಗ್ಗೆ ಹತ್ತಿ ಒದ್ದೆ ಮಾಡಿಕೊಂಡೆ. ಮೊದಲು ಮೇಲಿನದು, ಆಮೇಲೆ ಕೆಳಗಿನದು, ಎಲ್ಲ ಮುಗಿದ ಮೇಲೆ ನಡುವಿನ ತುಂಡುಗೆರೆ. ನಿನ್ನ ಚಿತೆಯ ಮುಂದೆ ಬರದ ಅಳು ಅಲ್ಲಿ ಬಂತು. ಸಾಹೇಬರು ಹೊರಗೆ ಹೋಗಿ ಬೀಡಿ ಹಚ್ಚಿದರು.

ಆಮೇಲೆ ಆಕಾಶ ನೆಟ್ಟಗಾಯಿತು. ಹತ್ತಿರದ ನಕ್ಷತ್ರದಲ್ಲಿ ಮುಳ್ಳು ಅಲುಗಲೇ ಇಲ್ಲ. ಉಳಿದವು ತಂತಮ್ಮ ಪಾಡಿಗೆ ಒಂದೊಂದು ಕಡೆ ಇಷ್ಟಿಷ್ಟೇ ವಾಲಿದ್ದವು. ಒಂದನ್ನು ಬಿಟ್ಟು. ನಾವು ಮೊದಲಿನಿಂದ ನೋಡುತ್ತಿದ್ದ ಮೂಲೆಯಲ್ಲೇ ಇರುವ ಒಂದು ಮಂಕು ನಕ್ಷತ್ರ ಆಗ ಹೇಗಿತ್ತೋ ಹಾಗೆಯೇ ಒರಗಿತ್ತು. ನಿನ್ನ ಗೆರೆಗಳ ಓರೆಯೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಗಾಜನ್ನು ಮತ್ತೆ ಒರೆಸಿದೆವು. ಪೆಟ್ಟಿಗೆಯನ್ನು ಬಿಚ್ಚಿ ಅಡ್ಡಲಾಗಿ ತಿರುಗಿಸಿ ಕಟ್ಟಿದೆವು. ಗಾಜಿನಲ್ಲಿ ಏನಾದರೂ ಉಳಿದಿದ್ದರೆ ಪೆಟ್ಟಿಗೆಯ ಜೊತೆಗೆ ಆ ಓರೆಯೂ ತಿರುಗಬೇಕು. ತಿರುಗಲಿಲ್ಲ. ಅದರ ಬೆಳಕನ್ನು ಫಲಕದ ಮೇಲೆ ಬೀಳಿಸಿ ಯಾವ ಗುಂಪಿನದು ಎಂದು ನೋಡಿದೆ. ಬಿಸಿಯದಕ್ಕೂ ಸೇರದು, ತಣ್ಣಗಿನದಕ್ಕೂ ಸೇರದು. ಅದಕ್ಕೆ ಜಾತಿ ಸಿಗಲಿಲ್ಲ ಅವ್ವಾ. ಸಾಹೇಬರು ಅನುಮಾನದ್ದು ಎಂದು ಬರೆದು ಪಕ್ಕಕ್ಕಿಟ್ಟರು.

ನಿನ್ನೆ ಸಾಹೇಬರು ಬೆಂಗಳೂರಿನಿಂದ ಬಂದರು. ಗುಡ್ಡ ಹತ್ತುವಾಗಲೇ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಎಲ್ಲೋ ಸಮುದ್ರದಾಚೆಯ ದೊಡ್ಡ ದೂರದರ್ಶಕದಲ್ಲಿ, ನಮ್ಮ ಹೆಸರನ್ನೇ ಕೇಳದವರು ಅದೇ ನಕ್ಷತ್ರವನ್ನು ಅಳೆದಿದ್ದಾರಂತೆ. ಅದೇ ಓರೆ, ಅಷ್ಟೇ ಒರಗು. ನಾವು ಅಳೆದದ್ದು ಸರಿ, ಲೆಕ್ಕ ಅಚ್ಚಾಗುತ್ತದೆ, ನನ್ನ ಕೆಲಸ ಕಾಯಂ ಆಗುತ್ತದೆ. ಇದು ನಿನಗೆ ಹೇಳಬೇಕಾಗಿದ್ದ ಸುದ್ದಿ. ಇದ್ದಿದ್ದರೆ ಕೊಣನೂರಿನ ಸಂತೆಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದೆ.

ಸಾಹೇಬರು ಇನ್ನೊಂದನ್ನೂ ಹೇಳಿದರು, ಮಾತಿನ ಮಧ್ಯೆ, ಅದೇನೂ ದೊಡ್ಡದಲ್ಲ ಅನ್ನುವ ಹಾಗೆ. ಆ ನಕ್ಷತ್ರ ಎಷ್ಟು ದೂರವಿದೆಯೆಂದರೆ, ನಾವು ಅಳೆದ ಬೆಳಕು ಅಲ್ಲಿಂದ ಹೊರಟು, ಧೂಳು ದಾಟಿ, ಹಾಗೆ ಒರಗಿ ನೂರಾರು ವರ್ಷಗಳಾಗಿವೆಯಂತೆ. ಆಗ ನೀನು ಹುಟ್ಟಿರಲಿಲ್ಲ, ನಿನ್ನ ಅವ್ವನ ಅವ್ವನೂ ಹುಟ್ಟಿರಲಿಲ್ಲ. ನಾನು ಹ್ಞೂಂ ಅಂದು ನೀರು ಕುಡಿಯಲು ಒಳಗೆ ಹೋದೆ. ಅವರನ್ನು ಕೇಳಲಾಗದ್ದನ್ನು ನಿನ್ನನ್ನು ಕೇಳುತ್ತೇನೆ. ಆ ದಿನ ಶೆಡ್ಡಿನಲ್ಲಿ ನೀನು ಒಬ್ಬಳೇ ನಿಂತು ಗಾಜಿಗೆ ವಿಭೂತಿ ಎಳೆದೆಯಲ್ಲ, ಆಗ ನಿನ್ನ ಕೈ ಹಿಡಿದು ಎಳೆಸಿದವರು ಯಾರು, ಅವ್ವಾ?