ಅಮ್ಮನಿಗೆ ಬಂದಿದ್ದ ಹೂವಿನ ಚೀಟಿ

ಅಪ್ಪಾ,

ನೀವು ಹೋಗಿ ಎರಡು ವರ್ಷವಾಗುತ್ತಾ ಬಂತು. ಇಷ್ಟು ದಿನ ನಿಮಗೆ ಬರೆಯಬೇಕು ಅನ್ನಿಸಿರಲಿಲ್ಲ. ಬದುಕಿದ್ದಾಗಲೂ ನಾವಿಬ್ಬರು ಹೆಚ್ಚು ಮಾತಾಡಿದವರಲ್ಲ. ಆದರೆ ಈ ಬೇಸಿಗೆಯಲ್ಲಿ ಅಮ್ಮ ಆಶ್ರಮದ ಕುಟುಂಬ ಶಿಬಿರಕ್ಕೆ ಹೋಗಿ ಬಂದಳು. ಜೊತೆಗೆ ನಾನೂ ಹೋಗಿದ್ದೆ. ಅಲ್ಲಿ ಅವಳಾಡಿದ ಒಂದು ಮಾತು ನನ್ನನ್ನು ಸುಮ್ಮನೆ ಕೂರಲು ಬಿಡುತ್ತಿಲ್ಲ. ಅದನ್ನು ಹೇಳಬೇಕಾದರೆ ಹಿಂದಿನದನ್ನೂ ಹೇಳಬೇಕು. ನಿಮಗೆ ಗೊತ್ತಿರುವುದೇ. ಆದರೆ ನೀವು ಗಂಡಸರ ಮೊದಲ ಸಾಲಿನಲ್ಲಿ ಕೂತು ನೋಡಿದಿರಿ. ನಾನು ಅಡುಗೆಮನೆಗೂ ಪ್ರವಚನದ ಚಪ್ಪರಕ್ಕೂ ಓಡಾಡುತ್ತಾ ನೋಡಿದೆ.

ಆಗೆಲ್ಲ ಪ್ರತಿ ಬೇಸಿಗೆಯಲ್ಲೂ ಹೊಸಕೋಟೆಯಿಂದ ದೇವನಹಳ್ಳಿಗೆ ಬಸ್ಸು, ಅಲ್ಲಿಂದ ಮುಂದಕ್ಕೆ ಎತ್ತಿನಗಾಡಿ. ಗಾಡಿಯಲ್ಲಿ ಟ್ರಂಕು, ಸುತ್ತಿದ ಹಾಸಿಗೆ, ಅದರ ಮೇಲೆ ನಾನು. ಮಾವಿನ ತೋಪು ಕಾಣಿಸುತ್ತಲೇ ನಿಮ್ಮ ಮುಖ ಸಡಿಲವಾಗುತ್ತಿತ್ತು. ತಾಲ್ಲೂಕು ಕಚೇರಿಯ ಗುಮಾಸ್ತರಾಗಿದ್ದ ನೀವು ಗೇಟಿನ ಹೊರಗೇ ಉಳಿಯುತ್ತಿದ್ದಿರಿ, ಒಳಗೆ ಹೋಗುತ್ತಿದ್ದವರು ಬೇರೆ ಯಾರೋ. ಬೆಳಿಗ್ಗೆ ಮಕ್ಕಳ ಪಂಕ್ತಿಯಲ್ಲಿ ರಾಗಿ ಗಂಜಿ ಬಡಿಸುತ್ತಾ, ಕಂಡವರ ಮಕ್ಕಳ ತಲೆ ಸವರಿ, 'ಏನಪ್ಪಾ ರಾಜ, ಇನ್ನೊಂದು ಸೌಟು ಹಾಕ್ಲಾ?' ಅನ್ನುತ್ತಿದ್ದಿರಿ. ನನ್ನ ಲೋಟದ ಹತ್ತಿರ ಬಂದಾಗ ಮಾತ್ರ ಏನೂ ಕೇಳುತ್ತಿರಲಿಲ್ಲ. ತನ್ನ ಮಕ್ಕಳೆಂಬ ಮಮಕಾರ ಇಲ್ಲಿ ಕೂಡದು ಎಂದು ಗುರುಗಳು ಹೇಳಿದ್ದರಲ್ಲ. ಆ ಒಂದು ಮಾತನ್ನು ಪಾಲಿಸುವುದು ನಿಮಗೆ ಎಷ್ಟು ಸುಲಭವಾಗಿತ್ತು ಅಪ್ಪಾ.

ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ತಣ್ಣೀರು ಸ್ನಾನ, ಗಂಟೆ ಹೊಡೆದರೆ ಭಜನೆ. ಆಮೇಲೆ ಪಾತಿ ಮಾಡುವುದು, ಕಸ ಗುಡಿಸುವುದು, ದನದ ಕೊಟ್ಟಿಗೆ ತೊಳೆಯುವುದು. ಮಧ್ಯಾಹ್ನ ಮುತ್ತುಗದ ಎಲೆಯಲ್ಲಿ ಊಟ. ಊಟವಾದ ಮೇಲೆ ಕಾಯಿ ತುಂಬಿ ಬಾಗಿದ ಮಾವಿನ ಮರಗಳ ಕೆಳಗೇ ಮಲಗಿದರೂ ಒಂದು ಕಾಯಿಗೂ ಕೈ ಹಾಕುವಂತಿರಲಿಲ್ಲ. ಕತೆಪುಸ್ತಕವೂ ಕೂಡದು. ಒಂದು ಸಲ ನನ್ನ ಹಾಸಿಗೆಯಡಿ ಸಿಕ್ಕ ರಷ್ಯದ ಕಾದಂಬರಿಯ ಅನುವಾದವನ್ನು ನೀವು ಎತ್ತಿಕೊಂಡು ಹೋಗಿ, 'ಯಾವುದೋ ದೇಶದೋರ ಸಂಸಾರದ ಕಷ್ಟ ನಿಂಗ್ಯಾಕೆ?' ಎಂದಿರಿ. ನಮ್ಮ ಸಂಸಾರದ ಕಷ್ಟವನ್ನು ಬರೆದವರು ಯಾರೂ ಸಿಕ್ಕಿರಲಿಲ್ಲ, ಅದಕ್ಕೆ ಓದುತ್ತಿದ್ದೆ. ಹಾಗೆಂದು ಆಗ ಹೇಳಲು ಬರಲಿಲ್ಲ.

ಮೊದಲ ಸಂಜೆಯ ಚೀಟಿಗಳು ನೆನಪಿವೆಯಲ್ಲ? ದೀಪದ ಮುಂದೆ ಹಿತ್ತಾಳೆ ತಟ್ಟೆ, ಅದರಲ್ಲಿ ಮಡಿಸಿದ ಚೀಟಿಗಳು. ಗಂಡಸರಿಗೊಂದು ತಟ್ಟೆ, ಹೆಂಗಸರಿಗೊಂದು. ಯಾರ ಕೈಗೆ ಯಾವ ಸೇವೆ ಬಂತೋ ಶಿಬಿರ ಮುಗಿಯುವವರೆಗೆ ಅದೇ. ದೇವರೇ ಹಂಚಿದ ಕೆಲಸ, ಬದಲಾಯಿಸುವಂತಿಲ್ಲ. ನಾವು ಹೋದ ಮೊದಲ ವರ್ಷ ಅಮ್ಮನಿಗೆ ಅಡುಗೆ ಬಂತು. ಈರುಳ್ಳಿ ಬೆಳ್ಳುಳ್ಳಿ ಹಾಕದೆ ಅವಳು ಮಾಡಿದ ಬಸ್ಸಾರನ್ನು ಜನ ಎಲೆ ಬಳಿದು ಉಂಡರು. ಮರುವರ್ಷ ಅಮ್ಮ ಸಾಲಿನಲ್ಲಿ ನಿಂತಿದ್ದಾಗ ನೀವು ಆಶ್ರಮದ ಕಾರ್ಯದರ್ಶಿಗಳಿಗೆ, 'ನಮ್ಮನೆಯವಳಿಗೆ ಚೀಟಿ ಯಾಕೆ ಸ್ವಾಮಿ? ಅಡುಗೆಗೇ ಇರ್ಲಿ ಬಿಡಿ. ಅವಳಿಗೂ ಅದೇ ಇಷ್ಟ,' ಎಂದಿರಿ. ಅಮ್ಮ ಸಾಲು ಬಿಟ್ಟು ಈಚೆ ಬಂದಳು. ಅವಳಿಗೆ ಏನಿಷ್ಟ ಎಂದು ನಿಮಗೆ ಯಾರು ಹೇಳಿದ್ದರು?

ಅವಳಿಗೆ ಇಷ್ಟವಿದ್ದದ್ದು ಸಂಜೆಯ ಪ್ರವಚನ. ಅನುಗೊಂಡನಹಳ್ಳಿಯಲ್ಲಿ ಚಿಕ್ಕವಳಾಗಿದ್ದಾಗ, ಸುತ್ತಮುತ್ತ ಎಲ್ಲಿ ಹರಿಕತೆ ನಡೆದರೂ ತಾತ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರಂತೆ. ಮದುವೆಯಾದ ಮೇಲೆ ಅದು ನಿಂತಿತ್ತು. ಶಿಬಿರದಲ್ಲಿ ಪ್ರವಚನ ಶುರುವಾಗುವ ಹೊತ್ತಿಗೇ ಮುದ್ದೆಗೆ ಎಸರಿಡಬೇಕು. ಅಡುಗೆಮನೆ ಚಪ್ಪರದ ಹಿಂದೆ, ಧ್ವನಿವರ್ಧಕದ ಬಾಯಿ ತೋಪಿನ ಕಡೆಗೆ. ರುಬ್ಬುವ ಗುಂಡಿನ ಸದ್ದಿನಲ್ಲಿ ಅವಳಿಗೆ ಕೇಳಿಸುತ್ತಿದ್ದದ್ದು ಜನ ನಕ್ಕಿದ್ದು ಮಾತ್ರ. ಆಗ ರುಬ್ಬುವುದು ನಿಲ್ಲಿಸಿ, 'ಹೋಗೇ, ಯಾಕೆ ನಕ್ಕರು ಕೇಳ್ಕೊಂಡು ಬಾ,' ಎಂದು ನನ್ನನ್ನು ಅಟ್ಟುತ್ತಿದ್ದಳು. ನಾನು ಹೋಗುವಷ್ಟರಲ್ಲಿ ಕತೆ ಮುಂದೆ ಹೋಗಿರುತ್ತಿತ್ತು. ತಲೆಯೂ ಇಲ್ಲದ ಬಾಲವೂ ಇಲ್ಲದ ಒಂದು ತುಂಡನ್ನು ತಂದು ಅವಳಿಗೆ ಕೊಡುತ್ತಿದ್ದೆ. ಅವಳು ಅದನ್ನೇ ಇಟ್ಟುಕೊಳ್ಳುತ್ತಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ನಿಮ್ಮನ್ನು ಕೇಳಿದ್ದು ನನಗೆ ಈಗಲೂ ಕೇಳಿಸುತ್ತದೆ. 'ರೀ, ಈ ಸಲ ಏನೇನು ಹೇಳಿದ್ರು? ಒಂಚೂರು ಹೇಳಿ.' ನೀವು ಕಿಟಕಿಯಾಚೆ ನೋಡುತ್ತಾ, 'ಅದೆಲ್ಲ ಹೇಳೋಕೆ ಬರಲ್ಲ ಕಣೇ. ಕೂತು ಕೇಳ್ಬೇಕು,' ಎಂದಿರಿ. ಎಲ್ಲಿ ಕೂತು ಅಪ್ಪಾ? ಒಲೆಯ ಮುಂದೆಯೇ?

ಪಾಕಿಸ್ತಾನದ ಯುದ್ಧ ಮುಗಿದ ಮುಂದಿನ ಬೇಸಿಗೆ. ಧಾನ್ಯದ ಅಭಾವಕ್ಕೆ ದೇಶವೆಲ್ಲ ಸೋಮವಾರ ರಾತ್ರಿ ಊಟ ಬಿಡುತ್ತಿದ್ದ ಕಾಲ. ಆ ಸಲ ಗಾಡಿಯಲ್ಲೇ ಅಮ್ಮ ಬಾಯಿಬಿಟ್ಟು ಕೇಳಿದಳು. 'ಈ ಸಲ ನಂಗೂ ಒಂದು ಚೀಟಿ ಎತ್ತೋಕೆ ಬಿಡ್ರಿ.' ಸಂಜೆ ಅವಳು ಸಾಲಿನಲ್ಲಿ ನಿಂತು, ಕಣ್ಣು ಮುಚ್ಚಿ ಚೀಟಿ ಎತ್ತಿ, ಬಿಚ್ಚಲು ಧೈರ್ಯ ಸಾಲದೆ ನನ್ನ ಕೈಗೆ ಕೊಟ್ಟಳು. 'ನೀನೇ ಓದೇ.' ನಾನು ಓದಿದೆ: ಹೂವು.

ಹೂವಿನ ಸೇವೆಯವರು ಪ್ರವಚನದ ಚಪ್ಪರದಲ್ಲೇ ಒಂದು ಪಕ್ಕಕ್ಕೆ ಕೂತು, ಕೇಳುತ್ತಾ ಕೇಳುತ್ತಾ ಬೆಳಗಿನ ಪೂಜೆಗೆ ಮಾಲೆ ಕಟ್ಟುತ್ತಿದ್ದರು. ಮಾರನೆಯ ಸಂಜೆ ಅಮ್ಮ ಎಲೆಹಸಿರು ಸೀರೆ ಉಟ್ಟು ಅಲ್ಲಿ ಕೂತಳು. ನಾನು ಅವಳನ್ನೇ ನೋಡುತ್ತಿದ್ದೆ. ಒಂದು ಸಲವೂ ಅವಳು ಹೂವಿನ ಕಡೆ ನೋಡಲಿಲ್ಲ, ಬೆರಳುಗಳಷ್ಟೇ ಕಟ್ಟುತ್ತಿದ್ದವು. ಜನ ನಗುವ ಮೊದಲೇ ನಗುತ್ತಿದ್ದಳು, ಮುಂದೆ ಏನು ಬರುತ್ತದೆಂದು ಗೊತ್ತಿದ್ದವಳ ಹಾಗೆ. ಕತೆಯಲ್ಲಿ ರಾಜನೊಬ್ಬ ಕಾಡಿನ ನಡುವೆ ದಾರಿ ಕವಲೊಡೆದಲ್ಲಿ ಬಂದು ನಿಂತ. ಅಲ್ಲಿಗೆ ಆವತ್ತಿನ ಪ್ರವಚನ ಮುಗಿಯಿತು. ಹೆಂಗಸರು ಮಲಗುವ ಸಾಲುಮನೆಗೆ ನಡೆಯುತ್ತಾ ಅಮ್ಮ, 'ನಾಳೆ ಮುಂದಕ್ಕೆ ಹೇಳ್ತಾರಂತೆ ಕಣೇ,' ಎಂದಳು. ಆಮೇಲೆ ಇನ್ನೊಂದು ಸಲ, ತನಗೆ ತಾನೇ, 'ನಾಳೆ ಹೇಳ್ತಾರೆ,' ಎಂದಳು.

ಆ ನಾಳೆಯನ್ನು ನೀವು ಮಧ್ಯಾಹ್ನದ ಪಂಕ್ತಿಯಲ್ಲೇ ಮುಗಿಸಿದಿರಿ. ಆ ವರ್ಷ ಅಡುಗೆ ಬಂದಿದ್ದು ದೊಡ್ಡಬಳ್ಳಾಪುರದ ಸಾವಿತ್ರಮ್ಮನವರಿಗೆ. ಅವರ ಮನೆಯಲ್ಲಿ ರೇಷ್ಮೆ ಮಗ್ಗಗಳಿದ್ದವು, ಅಡುಗೆಗೆ ಆಳಿದ್ದರು. ಅಷ್ಟು ಜನರಿಗೆ ಬೇಯಿಸಿ ಅವರಿಗೆ ಅಭ್ಯಾಸವಿರಲಿಲ್ಲ. ಬಡಿಸಿದ ಸಾರು ಎಲೆಯಲ್ಲಿ ನಿಲ್ಲದೆ ಹರಿಯಿತು. ಗಂಡಸರ ಸಾಲಿನಲ್ಲಿ ಯಾರೋ, 'ಏನಪ್ಪಾ ಇದು, ಊಟಕ್ಕೆ ಮುಂಚೇನೇ ಕೈ ತೊಳ್ಯೋಕೆ ನೀರು ಬಿಟ್ಟವ್ರೆ?' ಎಂದರು. ಇನ್ನೊಬ್ಬರು, 'ಸುಮ್ನಿರೋ, ಮುಳುಗಿ ನೋಡಿದ್ರೆ ಒಂದು ಬೇಳೆ ಸಿಕ್ಕೀತು,' ಎಂದರು. ಸಾವಿತ್ರಮ್ಮನವರೂ ನಕ್ಕರು. 'ಇನ್ನೆರಡು ದಿನ ತಡ್ಕೊಳಿ ಅಣ್ಣಾವ್ರೇ, ಕಲ್ತ್ಕೊಂಬಿಡ್ತೀನಿ. ಅಲ್ಲೀವರ್ಗೂ ಉಪ್ಪಿನಕಾಯಿ ಐತೆ!' ಎಲ್ಲರೂ ನಕ್ಕು ಅದು ಅಲ್ಲಿಗೆ ಮುಗಿಯುತ್ತಿತ್ತು. ಮುಗಿಯಲಿಲ್ಲ, ನೀವು ಎದ್ದು ನಿಂತಿರಿ.

'ಬೇಡಮ್ಮ, ನೀವು ಕಷ್ಟ ಪಡ್ಬೇಡಿ. ನಮ್ಮನೆಯವಳು ಬರ್ತಾಳೆ. ನೀವು ಹೂವು ಕಟ್ಕೊಳಿ,' ಎಂದಿರಿ. ಕಾರ್ಯದರ್ಶಿಗಳು, 'ಚೀಟಿ ಬದಲಾಯಿಸೋ ಹಂಗಿಲ್ವಲ್ಲ ಗೌಡ್ರೇ,' ಎಂದು ಅನುಮಾನಿಸಿದರು. 'ಕಿತ್ಕೊಂಡ್ರೆ ತಪ್ಪು ಸ್ವಾಮಿ. ನಾವಾಗಿ ಬಿಟ್ಟುಕೊಟ್ರೆ ಏನು ತಪ್ಪು?' ಎಂದಿರಿ ನೀವು. ಅಮ್ಮ ಹೆಂಗಸರ ಸಾಲಿನಲ್ಲಿ ಕೂತಿದ್ದಳು, ಅರ್ಧ ಉಂಡಿದ್ದ ಎಲೆಯ ಮುಂದೆ. ಎಲ್ಲರೂ ಅವಳ ಕಡೆ ತಿರುಗಿದರು. ಸಾವಿತ್ರಮ್ಮನವರು ಅಮ್ಮನಿಗೆ ಮೆಲ್ಲಗೆ, 'ಬೇಡ ಬಿಡಿ ಜಯಮ್ಮ, ನಾನೇ ಮಾಡ್ತೀನಿ,' ಎಂದರು. ಅಷ್ಟು ಜನರೆದುರು ಅಮ್ಮ ಇನ್ನೇನು ಹೇಳಬಹುದಿತ್ತು? ಎಲೆ ಮಡಿಸಿ, ಕೈತೊಳೆದು, ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.

ಸಂಜೆ ಗುರುಗಳು ರಾಜನ ಕತೆಗೆ ಬರುವ ಮುಂಚೆ ಒಂದು ಮಾತು ಹೇಳಿದರು. ತನ್ನ ಪಾಲಿಗೆ ಬಂದದ್ದನ್ನು ಇನ್ನೊಬ್ಬರಿಗಾಗಿ ನಗುನಗುತ್ತಾ ಬಿಟ್ಟುಕೊಡುವುದೇ ತ್ಯಾಗ, ಇವತ್ತು ಮಧ್ಯಾಹ್ನ ನಮ್ಮ ಗೌಡರು ಅದನ್ನು ಮಾಡಿ ತೋರಿಸಿದರು ಎಂದರು. ಜನ ನಿಮ್ಮತ್ತ ನೋಡಿದರು. ನೀವು ಕೈಮುಗಿದು ತಲೆ ತಗ್ಗಿಸಿದಿರಿ. ಹೆಂಗಸರ ಕಡೆ ಕೂತು ನಾನು ಕಾಯುತ್ತಿದ್ದೆ, ನೀವು ತಲೆಯೆತ್ತಿ 'ಅದು ನನ್ನ ಚೀಟಿಯಲ್ಲ ಗುರುಗಳೇ, ನನ್ನ ಹೆಂಡತಿಯದು' ಎನ್ನುತ್ತೀರೆಂದು. ಅಷ್ಟು ಹೇಳಿದ್ದರೂ ಸಾಕಿತ್ತು. ಹಿಂದಿನಿಂದ ರುಬ್ಬುವ ಸದ್ದು ಬರುತ್ತಿತ್ತು. ಆವತ್ತು ಅವಳು ನನ್ನನ್ನು ಏನೂ ಕೇಳಿಕೊಂಡು ಬಾ ಎಂದು ಕಳಿಸಲಿಲ್ಲ. ರಾಜನ ಕತೆ ನನ್ನ ಕಿವಿಗೂ ಹೋಗಲಿಲ್ಲ.

ಆ ವರ್ಷದ ಅವರೆಕಾಯಿ ಕಾಲದಲ್ಲಿ, ನಮ್ಮ ಮನೆಯ ಹಜಾರದಲ್ಲಿ ಕಾಳು ಬಿಡಿಸುತ್ತಾ ಅಮ್ಮ ನಿಮ್ಮನ್ನು ಕೇಳಿದಳು, 'ಅದೇ, ಆ ರಾಜ... ಆಮೇಲೆ ಯಾವ ದಾರೀಲಿ ಹೋದ ರೀ?' ಅಷ್ಟು ತಿಂಗಳು ಅವಳು ಅದನ್ನು ಬಾಯಲ್ಲಿಟ್ಟುಕೊಂಡಿದ್ದಳು. ನೀವು ಪೇಪರಿನಿಂದ ತಲೆಯೆತ್ತಿ, 'ಯಾವ ರಾಜ?' ಎಂದಿರಿ.

ಆಮೇಲಿನ ಬೇಸಿಗೆಗಳೆಲ್ಲ ಒಂದೇ ಥರ. ಅಮ್ಮ ಮತ್ತೆ ಚೀಟಿ ಕೇಳಲಿಲ್ಲ. ನೀವು ವರ್ಷವರ್ಷವೂ ಇನ್ನಷ್ಟು ಶಾಂತರಾಗುತ್ತಾ ಹೋದಿರಿ. ಆ ಶಾಂತಿಗೆ ಸೌದೆ ಒಟ್ಟುತ್ತಿದ್ದವರು ಯಾರು ಎಂದು ಯಾರೂ ಕೇಳಲಿಲ್ಲ. ನಿಮ್ಮ ವೈಕುಂಠ ಸಮಾರಾಧನೆಗೆ ಆಶ್ರಮದಿಂದ ಬಂದವರು ನಿಮ್ಮನ್ನು ತ್ಯಾಗಿ ಎಂದು ಹೊಗಳಿದರು. ನಾನು ಎದ್ದು ಹಿತ್ತಲಿಗೆ ಹೋದೆ.

ಈ ಸಲ ಶಿಬಿರದ ಕರೆ ಬಂದಾಗ ನಾನು ಬೇಡವೆಂದೆ. 'ಮತ್ತೆ ಒಲೆ ಊದೋಕೆ ಹೋಗ್ತೀಯೇನಮ್ಮ?' ಎಂದೆ. ಅಮ್ಮ ಟ್ರಂಕಿಗೆ ಸೀರೆ ತುಂಬಿದಳು. ಈಗ ತೋಪಿನವರೆಗೂ ಬಸ್ಸು ಹೋಗುತ್ತದೆ, ಚಪ್ಪರದ ಜಾಗದಲ್ಲಿ ಶೀಟು ಹೊದಿಸಿದ ಮಂಟಪವಿದೆ. ಇಳಿಯುತ್ತಲೇ ಕಾರ್ಯದರ್ಶಿಗಳು ಎದುರಾಗಿ, 'ಜಯಮ್ಮನೋರು ಬಂದ್ರಲ್ಲ, ಇನ್ನು ಊಟದ ಯೋಚ್ನೆ ಇಲ್ಲ!' ಎಂದರು. ಅಮ್ಮ ನಕ್ಕಳು. 'ಯೋಚ್ನೆ ಮಾಡ್ಕೊಳಿ ಸ್ವಾಮಿ. ನಾನು ಈ ಸಲ ಕೇಳೋಕೆ ಬಂದಿದೀನಿ,' ಎಂದಳು. ಅವಳ ಬಾಯಿಂದ ಅಂಥ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನೀವಿದ್ದಿದ್ದರೆ ಅವಳು ಆಡುತ್ತಿದ್ದಳೇ? ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ. ಆದರೂ ಬರೆದೆ.

ಚೀಟಿಯಲ್ಲಿ ಅವಳಿಗೆ ಬಂದದ್ದು ಬೆಳಿಗ್ಗೆ ತುಳಸಿಕಟ್ಟೆಯ ಸುತ್ತ ಸಾರಿಸುವುದು. ಸಂಜೆಗಳೆಲ್ಲ ಅವಳವೇ. ಹೆಂಗಸರ ಮೊದಲ ಸಾಲಿನಲ್ಲಿ ಕಂಬಕ್ಕೊರಗದೆ ಕೂತು ಕೇಳಿದಳು. ಪ್ರವಚನ ಟೊಳ್ಳಾಗಿರಲಿ ಎಂದು ನಾನು ಬಯಸಿದ್ದೆ. ಇಷ್ಟಕ್ಕೇನಾ ಇಷ್ಟು ವರ್ಷ ಆಸೆಪಟ್ಟದ್ದು ಎಂದು ಅವಳಿಗೆ ಅನ್ನಿಸಿಬಿಟ್ಟರೆ ನಷ್ಟ ಸಣ್ಣದಾಗುತ್ತಿತ್ತು. ಹಾಗಾಗಲಿಲ್ಲ. ಗುರುಗಳಿಗೆ ವಯಸ್ಸಾಗಿದೆ, ಹಲ್ಲಿಲ್ಲ. ಆದರೂ ಕತೆ ಹೇಳುವ ಕಲೆ ಹಾಗೆಯೇ ಇದೆ. ಅಮ್ಮ ಕಣ್ಣೊರೆಸಿಕೊಂಡಳು, ನಕ್ಕಳು, ಒಂದು ಕಡೆ 'ಅಯ್ಯೋ ಪಾಪ' ಎಂದು ಜೋರಾಗಿಯೇ ಅಂದುಬಿಟ್ಟಳು.

ಪ್ರವಚನ ಮುಗಿದ ಮೇಲೆ ಅವಳು ಸೀದಾ ಅಡುಗೆಮನೆಗೆ ಹೋದಳು. ಅಭ್ಯಾಸಬಲ ಎಂದುಕೊಂಡು, ತಡೆಯೋಣವೆಂದು ನಾನೂ ಹಿಂದೆಯೇ ಹೋದೆ. ಅವಳು ಒಂದು ಸೌಟನ್ನೂ ಮುಟ್ಟಲಿಲ್ಲ. ಹೊಸ್ತಿಲ ಮೇಲೆ ಕೂತು, ಮುದ್ದೆ ಕಟ್ಟುತ್ತಿದ್ದ ಹೆಂಗಸರಿಗೆ, 'ಇವತ್ತು ಏನಾಯ್ತು ಗೊತ್ತಾ?' ಎಂದು ಶುರುಮಾಡಿದಳು. ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು, ಅಪ್ಪಾ. ಎಲ್ಲಿ ನಿಲ್ಲಿಸಬೇಕು, ಯಾವ ಮಾತನ್ನು ತಗ್ಗಿಸಿ ಹೇಳಬೇಕು, ಎಲ್ಲ ಅವಳಿಗೆ ಗೊತ್ತಿತ್ತು. ಒಂದು ಕಡೆಯಂತೂ ಗುರುಗಳಿಗಿಂತ ಚೆನ್ನಾಗಿ ಹೇಳಿದಳು; ನಾನು ಇಬ್ಬರದನ್ನೂ ಕೇಳಿದ್ದೇನೆ, ಉತ್ಪ್ರೇಕ್ಷೆಯಲ್ಲ. ಶಿಬಿರ ಮುಗಿಯುವವರೆಗೂ ದಿನವೂ ಹೀಗೆಯೇ ನಡೆಯಿತು. ಹೇಳೋಕೆ ಬರಲ್ಲ ಅಂದಿರಲ್ಲ ನೀವು.

ಕೊನೆಯ ಸಂಜೆ, ನೆಲಮಂಗಲದ ಕಡೆಯ ಹೊಸ ಸೊಸೆಯೊಬ್ಬಳು ಹಿಟ್ಟಿನ ಕೈಯಲ್ಲೇ ಹತ್ತಿರ ಬಂದು ಕೂತು ಕೇಳಿದಳು. 'ಎಷ್ಟು ಚೆನ್ನಾಗಿ ಹೇಳ್ತೀರಾ ಅಮ್ಮ! ನಿಮ್ಮೆಜಮಾನ್ರು ಮುಂದಿನ ಸಾಲಲ್ಲೇ ಕೂತು ಕೇಳ್ತಿದ್ರಂತಲ್ಲ, ಅವ್ರು ಮನೇಗೆ ಬಂದು ಹಿಂಗೇ ನಿಮಗೆ ಹೇಳ್ತಿದ್ರಾ?'

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, 'ಹೂಂ ಕಣವ್ವ, ದಿನಾ ಹೇಳೋರು,' ಎಂದಳು.

ನಾನು ಪಕ್ಕದಲ್ಲೇ ನಿಂತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ಕೊನೆಗೂ ತನ್ನ ಕೈಗೆ ಸಿಕ್ಕ ಒಂದನ್ನು, ಕತೆ ಹೇಳುವ ಆ ಕಲೆಯನ್ನು, ಅವಳು ನಿಮ್ಮ ಹೆಸರಿಗೆ ಬರೆದುಕೊಟ್ಟುಬಿಟ್ಟಳು, ನೀವು ಕೇಳದಿದ್ದರೂ. ಆ ಹುಡುಗಿ ನಿಮ್ಮನ್ನು ಒಳ್ಳೆಯ ಗಂಡನೆಂದು ನಂಬಿ ಊರಿಗೆ ಹೋದಳು. ಅಮ್ಮನ ಮಾತನ್ನು ಅಮ್ಮನೆದುರೇ ಸುಳ್ಳು ಮಾಡಲು ನನಗೆ ಮನಸ್ಸು ಬರಲಿಲ್ಲ. ಆದರೆ ನಿಮಗೆ ಗೊತ್ತಿರಲಿ, ಆ ಹೊಗಳಿಕೆ ನಿಮಗೆ ಸಲ್ಲುವುದಲ್ಲ.

ಮುಂದಿನ ಬೇಸಿಗೆಗೂ ಅಮ್ಮ ಹೋಗುತ್ತಾಳೆ, ನಾನೂ ಹೋಗುತ್ತೇನೆ. ಇನ್ನೊಬ್ಬರು ಯಾರಾದರೂ ಹಾಗೆ ಕೇಳಿದರೆ, ಅವಳು ಬಾಯಿ ತೆರೆಯುವ ಮೊದಲು ನಾನೇ ಉತ್ತರ ಕೊಡುತ್ತೇನೆ.

ನಿಮ್ಮ ಮಗಳು