ಮೊದಲ ಹನಿ ಬಿದ್ದ ದಿನ

ಜನವರಿ 8. ಬೆಳಿಗ್ಗೆ 8.20

ಇವತ್ತೊಂದು ಹೊಸ ಡ್ರಮ್ ಶುರು. ನಂಬರ್ 36. ಲೇಬಲ್ ಬರೆದಾಯಿತು. ಅಂಟಿಸಲು ಅಂಟಿಲ್ಲ. ಕೆಲಸ ಮಾಡುವುದು ಅಂಟಿನ ಕಾರ್ಖಾನೆಯಲ್ಲಿ! ಟೇಪ್ ಹಾಕಿದೆ.

ಲೇಬಲ್ಲಿನಲ್ಲಿ ನಾಲ್ಕೇ ಸಾಲು. ಒಳಗೇನಿದೆ. ಯಾವ ಬಗೆಯ ಅಪಾಯ. ಮೊದಲ ಹನಿ ಬಿದ್ದ ದಿನಾಂಕ. ಬರೆದವರ ಸಹಿ. ಮೆಷಿನ್ ತೊಳೆದ ಸಾಲ್ವೆಂಟ್ ಬಕೆಟ್ಟಿನಲ್ಲಿ ಶೆಡ್ಡಿಗೆ ಬರುತ್ತದೆ, ಪೈಲ್ವಾನ್ ಮಾಮ ಡ್ರಮ್ಮಿಗೆ ಸುರಿಯುತ್ತಾರೆ, ನಾನು ಬರೆಯುತ್ತೇನೆ. ನಂಬರ್ ಮಾತ್ರ ನನ್ನದಲ್ಲ. ಡ್ರಮ್ಮಿನ ಮೈಮೇಲೆ ಯಾವ ಕಾಲದಲ್ಲೋ ಬಣ್ಣದಲ್ಲಿ ಬರೆದದ್ದು. ಖಾಲಿ ಡ್ರಮ್ಮುಗಳಲ್ಲಿ ಯಾವುದು ಕೈಗೆ ಸಿಕ್ಕಿತೋ ಅದನ್ನು ಉರುಳಿಸಿ ತರುತ್ತಾರೆ.

ಪೈಲ್ವಾನ್ ಅಂತ ಹೆಸರಿಟ್ಟವರು ಯಾರೋ. ಗಾಳಿ ಬಂದರೆ ಹಾರಿಹೋಗುವಂತಿದ್ದಾರೆ.

ಶೆಡ್ಡಿಗೆ ಫೋನ್ ತರುವಂತಿಲ್ಲ, ಕಿಡಿಯ ಭಯ. ಅದಕ್ಕೇ ಈ ನೋಟ್‌ಬುಕ್. ಸುಮ್ಮನೆ ಕೂರುವ ಜಾತಿ ನನ್ನದಲ್ಲ. ಟೈಲರ್ ಅಂಗಡಿ ಮೂರು ತಿಂಗಳು, ಬೇಕರಿ ಐದು ವಾರ, ಝೆರಾಕ್ಸ್ ಅಂಗಡಿ ಒಂಬತ್ತು ದಿನ. ಇಲ್ಲಿ ಅಕ್ಟೋಬರಿನಿಂದ ಇದ್ದೇನೆ ಅಂದರೆ ಅಕ್ಕನಿಗೇ ನಂಬಿಕೆಯಿಲ್ಲ. ಶೆಡ್ಡಿನ ಉದ್ದ ಮೂವತ್ತೊಂದು ಹೆಜ್ಜೆ, ಅಗಲ ಹದಿನೆಂಟು. ಇವತ್ತು ಏಳು ಸಲ ಅಳೆದೆ. ಬೆಳೆದಿಲ್ಲ.

ಜನವರಿ 15. ಊಟದ ಹೊತ್ತು

ಅಕ್ಕ ದಿನಾ ಎರಡು ಡಬ್ಬಿ ಕಟ್ಟುತ್ತಾಳೆ. ಒಂದು ಭಾವನಿಗೆ, ಒಂದು ನನಗೆ. ಭಾವ ಈ ಶೆಡ್ಡಿನ ಸೂಪರ್‌ವೈಸರ್. ನನಗೆ ಕೆಲಸ ಕೊಡಿಸಿದ್ದೂ ಅವರೇ. ಆದರೂ ಇಲ್ಲಿ "ಸಾರ್" ಅನ್ನಬೇಕು. ಮರೆತು ಭಾವ ಅಂದರೆ ಕಿವಿ ಕೆಂಪಗಾಗುತ್ತದೆ ಅವರಿಗೆ.

ಮೊಳೆಗೆ ದಾರ ಕಟ್ಟಿ ನಿಯಮದ ಪುಸ್ತಕ ನೇತುಹಾಕಿದ್ದಾರೆ. ಓದುವವಳು ನಾನೊಬ್ಬಳೇ. ಚೆನ್ನಾಗಿದೆ. ಟ್ಯಾಂಕಿನಲ್ಲಿರುವ ತನಕ ಸಾಲ್ವೆಂಟ್ "ಕಚ್ಚಾ ವಸ್ತು". ಅದೇ ಸಾಲ್ವೆಂಟ್ ಮೆಷಿನ್ ತೊಳೆದು ಹೊರಗೆ ಬಂತೋ, "ಅಪಾಯಕಾರಿ ತ್ಯಾಜ್ಯ". ಆಗಲೂ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ. ಇನ್ನು ಬೇಡ ಅಂತ ಯಾರೋ ಅಂದ ಕ್ಷಣದಿಂದ ಹೆಸರು ಬೇರೆ.

ಮಾಮನಿಗೆ ಓದಿ ಹೇಳಿದೆ. ಒಂದು ಲೋಟ ಅಪಾಯಕಾರಿ ತ್ಯಾಜ್ಯ ಒಂದು ಡ್ರಮ್ ನೀರಿಗೆ ಬಿದ್ದರೆ ಡ್ರಮ್ ಪೂರ್ತಿ ಅಪಾಯಕಾರಿ. ಮೆಷಿನ್ ಎಣ್ಣೆ ಒರೆಸಿದ ಬಟ್ಟೆಯೂ ಅಷ್ಟೇ. ಅಡುಗೆ ಎಣ್ಣೆ ಒರೆಸಿದರೆ ಬರೀ ಕಸ.

"ಹಂಗಾದ್ರೆ ನನ್ ಅಂಗಿ?" ಅಂದರು. ಎದೆಯ ತುಂಬ ಎಣ್ಣೆ ಕಲೆ.

"ಅಪಾಯಕಾರಿ ತ್ಯಾಜ್ಯ."

"ಒಳಗಿರೋ ನಾನು?"

"ಇನ್ನೂ ಕಚ್ಚಾ ವಸ್ತು ಮಾಮ. ಮ್ಯಾನೇಜರ್ ಬೇಡ ಅಂದಿಲ್ವಲ್ಲ."

ನಕ್ಕು ಕೆಮ್ಮಿದರು, ಕೆಮ್ಮಿ ನಕ್ಕರು. ಆಮೇಲೆ ಅಂದರು, "ನಂಗೆ ಅಕ್ಷರ ಬರಲ್ಲ ಬರಹಗಾರ್ತಿ. ಅಂಕಿ ಬರುತ್ತೆ. ನೀ ಬರೆದ ತಾರೀಕು ನೋಡೇ ಮುಚ್ಚಳಕ್ಕೆ ಕೈ ಹಾಕೋದು."

ಯಾಕೆ ಅಂತ ಕೇಳಿದೆ. ಈ ಈಥರ್ ಜಾತಿಯ ಸಾಲ್ವೆಂಟ್ ಹಳತಾದರೆ ಮುಚ್ಚಳದ ಮರೆಯಲ್ಲಿ ಸಕ್ಕರೆಯಂಥ ಬಿಳಿ ಹರಳು ಕಟ್ಟುತ್ತದಂತೆ. ತಿರುಗಿಸಿದರೆ ಉಜ್ಜುತ್ತದೆ. ಉಜ್ಜಿದರೆ ಸಿಡಿಯಬಹುದು. ಅವರ ಗೆಳೆಯನಿಗೆ ಎರಡು ಬೆರಳು ಹೋಗಿದ್ದು ಹಾಗೇ. ತೊಂಬತ್ತು ದಿನದೊಳಗೆ ಲಾರಿ ಬಂದು ಎಲ್ಲ ಒಯ್ಯಬೇಕು ಅಂತ ಕಾನೂನಿದೆ. ಬರೀ ಕಾಗದದ ಮಾತು ಅಂದುಕೊಂಡಿದ್ದೆ ನಾನು.

ಫೆಬ್ರವರಿ 20

ಲಾರಿ ಇವತ್ತೂ ಇಲ್ಲ. ಸುಡುವ ಘಟಕದ ಕುಲುಮೆ ರಿಪೇರಿಯಂತೆ. ಕೊನೆಯ ಸಲ ಬಂದಿದ್ದು ನಾನು ಸೇರಿದ ಹೊಸತರಲ್ಲಿ. ಮಾರನೆಯ ದಿನ, ಅಕ್ಟೋಬರ್ 22ಕ್ಕೆ, ಖಾಲಿ ಶೆಡ್ಡಿನಲ್ಲಿ ನನ್ನ ಮೊದಲ ಲೇಬಲ್. ಆ ಡ್ರಮ್ಮಿಗೆ ತೊಂಬತ್ತು ದಿನ ತುಂಬಿ ತಿಂಗಳಾಯಿತು.

ಭಾವನಿಗೆ ಹೇಳಿದೆ. "ಗೊತ್ತು" ಅಂದರು. ನಿನ್ನೆಯೂ ಹಾಗೇ ಅಂದಿದ್ದರು.

ಸುಸ್ತು. ಕೂತು ಕೂತೇ ಸುಸ್ತು.

ಮಾರ್ಚ್ 11. ಸಂಜೆ 6

ಬರೆಯಲು ಮನಸ್ಸಿಲ್ಲ. ಬರೆಯದೆ ಇರಲೂ ಆಗುತ್ತಿಲ್ಲ.

ಮುಂದಿನ ವಾರ ಸರ್ಕಾರದ ತಪಾಸಣೆ. ಮ್ಯಾನೇಜರ್ ಬಂದು ಭಾವನ ಜೊತೆ ಹೊರಗೆ ನಿಂತು ಮಾತಾಡಿ ಹೋದರು. ಭಾವ ಒಳಗೆ ಬಂದು ಹೊಸ ಲೇಬಲ್ಲಿನ ಕಟ್ಟು ನನ್ನ ಮೇಜಿನ ಮೇಲಿಟ್ಟರು.

"ತೊಂಬತ್ತು ದಾಟಿದ್ದು ಹನ್ನೊಂದಿದೆ. ಹೊಸದು ಬರಿ. ಎಲ್ಲಕ್ಕೂ ಒಂದೇ ತಾರೀಕು ಹಾಕ್ಬೇಡ, ಫೆಬ್ರವರಿ ಕೊನೇಲಿ ಅಲ್ಲೊಂದು ಇಲ್ಲೊಂದು ಹಾಕು. ಹಳೇದು ಕಿತ್ತು ನಂಗೆ ಕೊಡು."

"ಸುಳ್ಳಲ್ವಾ ಸಾರ್?"

"ಸಾರ್ ಅನ್ಬೇಡ ಈಗ."

"ಸುಳ್ಳಲ್ವಾ ಭಾವ?"

ಅವರು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಸ್ಟೂಲ್ ಎಳೆದು ಎದುರಿಗೆ ಕೂತರು. "ನೋಡು, ಲಾರಿ ಬರದಿದ್ದಕ್ಕೆ ನಾನೇನ್ ಮಾಡ್ಲಿ? ಸಿಕ್ಕಿಬಿದ್ರೆ ಹೊಣೆ ಯಾರ್ದು? ನಂದು. ಕೆಲ್ಸ ಹೋಯ್ತು ಅಂದ್ರೆ ಕ್ವಾರ್ಟರ್ಸೂ ಹೋಯ್ತು. ನಿಮ್ಮಕ್ಕ ಈ ಸ್ಥಿತೀಲಿ ಮಗೂನ ಎತ್ಕೊಂಡು ಎಲ್ಲಿಗೆ ಹೋಗ್ಬೇಕು?"

ಅಕ್ಕನಿಗೆ ಎರಡನೆಯದು, ಆರು ತಿಂಗಳು. ಅಪ್ಪ ಅಮ್ಮ ಹೋದ ಮೇಲೆ ಆ ಎರಡು ಕೋಣೆಯೇ ನನ್ನ ಮನೆಯೂ.

ಬರೆದೆ. ಎಂಟು ಆಯಿತು, ಉಳಿದದ್ದು ನಾಳೆ. ಅಕ್ಷರ ದುಂಡಗೇ ಬಂತು. ಕೈಗೆ ನಾಚಿಕೆಯಿಲ್ಲ.

ಕೀಳುವ ಮುಂಚೆ ಹಳೆಯ ದಿನಾಂಕ ಅಂಗೈಯಲ್ಲಿ ಬರೆದುಕೊಂಡೆ. ಯಾಕೋ ಗೊತ್ತಿಲ್ಲ. ಬೆವರಿಗೆ ಅಳಿಸುವ ಮುಂಚೆ ಇಲ್ಲಿಗೆ ಇಳಿಸುತ್ತೇನೆ. ನಂಬರ್ 7, ಅಕ್ಟೋಬರ್ 27. 41, ನವೆಂಬರ್ 2. 19, ನವೆಂಬರ್ 7. 33, ನವೆಂಬರ್ 14. 5, ನವೆಂಬರ್ 19. 28, ನವೆಂಬರ್ 25. 16, ಡಿಸೆಂಬರ್ 1. 22, ಡಿಸೆಂಬರ್ 6.

ಮಾರ್ಚ್ 25

ಹದಿನಾಲ್ಕು ದಿನ ಈ ಪುಸ್ತಕ ಮುಟ್ಟಲಿಲ್ಲ. ಮುಟ್ಟಿದರೆ ನಿಜ ಬರೆಯಬೇಕು.

ಮಾರನೆಯ ದಿನ ಉಳಿದ ಮೂರಕ್ಕೂ ಲೇಬಲ್ ಬದಲಿಸಿದೆ. 12, 27, 40. ಹಳೆಯ ದಿನಾಂಕ ನೋಡಲೂ ಇಲ್ಲ. ಕಣ್ಣು ಬೇರೆ ಕಡೆ ಇಟ್ಟುಕೊಂಡೇ ಕಿತ್ತೆ. ಭಾವ ಎಲ್ಲವನ್ನೂ ಹರಿದು ಬೂದಿ ಮಾಡಿದರು.

ತಪಾಸಣೆ ಆಯಿತು. ಬಂದವರು ಬಾಗಿಲಲ್ಲೇ ನಿಂತು ಲೇಬಲ್ ಓದಿ, ಟೀ ಕುಡಿದು ಹೋದರು. "ಅಕ್ಷರ ಮುತ್ತಿನ ಹಾಗಿದೆ" ಅಂದರಂತೆ.

ಶಾಲೆ ಬಿಟ್ಟದ್ದು ನೆನಪಾಯಿತು. ಪರೀಕ್ಷೆಯಲ್ಲಿ ಮೇಷ್ಟ್ರೇ ಬಂದು ಉತ್ತರ ಹೇಳಿಕೊಟ್ಟರು, ಶಾಲೆಯ ಮಾನ ಉಳಿಯಲಿ ಅಂತ. ಎಲ್ಲರೂ ಬರೆದರು. ನಾನೂ ಬರೆದೆ, ಪಕ್ಕದಲ್ಲಿ ಒಂದು ಸಾಲು ಸೇರಿಸಿದೆ: "ಇದು ಮೇಷ್ಟ್ರು ಹೇಳಿದ ಉತ್ತರ. ನನಗೆ ಗೊತ್ತಿಲ್ಲ." ದೊಡ್ಡ ರಂಪ. ಆವತ್ತಿನಿಂದ ಮನೆಯಲ್ಲಿ ನನಗೆ ಸತ್ಯಮ್ಮ ಅಂತ ಅಡ್ಡಹೆಸರು. ಆ ಸತ್ಯಮ್ಮ ಈಗೆಲ್ಲಿ ಹೋದಳು?

ಏಪ್ರಿಲ್ 19. ಬೆಳಿಗ್ಗೆ 11.15

ಇವತ್ತು ಅಕ್ಷರ ಮುತ್ತಿನ ಹಾಗಿಲ್ಲ.

ಜಾಗ ಸಾಲದು, ಅರೆಬರೆ ತುಂಬಿದ ಡ್ರಮ್ಮುಗಳನ್ನೆಲ್ಲ ಒಂದಕ್ಕೊಂದು ಸುರಿದು ಕಡಿಮೆ ಮಾಡಿ ಅಂತ ಮ್ಯಾನೇಜರ್ ಹೇಳಿಕಳಿಸಿದ್ದರು. ನಾನು ಸ್ಟೋರಿನಿಂದ ಬರುವಷ್ಟರಲ್ಲಿ ಮಾಮ ಎರಡು ಬಿಚ್ಚಿ ಆಗಿತ್ತು. ಒಂದು ನಂಬರ್ 7. ಅಕ್ಟೋಬರ್ 27ರದ್ದು. ಏನೂ ಆಗಿರಲಿಲ್ಲ. ಬರೀ ಅದೃಷ್ಟಕ್ಕೆ ಏನೂ ಆಗಿರಲಿಲ್ಲ.

ಮೂರನೆಯದಕ್ಕೆ ಸ್ಪ್ಯಾನರ್ ಹಾಕಿ ನಿಂತಿದ್ದರು. ನಂಬರ್ 33. ಮುಚ್ಚಳದ ಸುತ್ತ ಬೆಳ್ಳಗೆ ಪುಡಿ.

"ಏನಿದು ಬರಹಗಾರ್ತಿ, ಧೂಳಾ? ತಾರೀಕು ನೋಡಿದ್ರೆ ಎರಡು ತಿಂಗಳೂ ಆಗಿಲ್ಲ."

ಭಾವ ಶೆಡ್ಡಿನ ಹೊರಗಿನ ಗಾಜಿನ ಕೋಣೆಯಲ್ಲಿ ಫೋನಿನಲ್ಲಿದ್ದರು.

"ಕೈ ತೆಗೀರಿ ಮಾಮ."

"ಹಾಂ?"

"ಕೈ ತೆಗೀರಿ. ಅದಕ್ಕೆ ನೂರ ಐವತ್ತಾರು ದಿನ. ಲೇಬಲ್ ಸುಳ್ಳು. ನಾನೇ ಬರೆದಿದ್ದು."

ಸ್ಪ್ಯಾನರ್ ಬೀಳಿಸಲಿಲ್ಲ ಮಾಮ. ಮೆಲ್ಲಗೆ ಬಿಡಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಹಿಂದಕ್ಕೆ ಹೆಜ್ಜೆಯಿಟ್ಟು ಬಾಗಿಲಾಚೆ ಹೋಗಿ ನೆಲದ ಮೇಲೆ ಕೂತರು. ನಾನೂ ಹೋದೆ. ಬೈಯಲಿ ಅಂತ ಕಾದೆ. ಬೈಯಲಿಲ್ಲ. ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು, ಒಂದೊಂದಾಗಿ.

"ಬೆಳಿಗ್ಗೆ ಎರಡು ಬಿಚ್ಚಿದ್ನಲ್ಲ ಮಗಳೇ" ಅಂದರು. ಅಷ್ಟೇ.

ಅದೇ ದಿನ. ಸಂಜೆ 7

ಶೆಡ್ಡಿಗೆ ಬೀಗ. ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ.

ಭಾವ ಕೇಳಿದರು, "ನೂರ ಐವತ್ತಾರು ಅಂತ ಅಷ್ಟು ಕರೆಕ್ಟಾಗಿ ಹೆಂಗ್ ಹೇಳ್ದೆ?"

ಬರೆದಿಟ್ಟಿದ್ದೇನೆ ಅಂದೆ. ಅಕ್ಕ ಒಲೆಯ ಮುಂದಿನಿಂದ ತಿರುಗಿದಳು. "ಏನ್ ಬರೆದಿಟ್ಟಿದ್ದೀಯ? ಎಲ್ಲಿ?"

"ಪುಸ್ತಕದಲ್ಲಿ. ಎಲ್ಲಾನೂ."

"ಹರಿದುಹಾಕು."

"ಇಲ್ಲ ಅಕ್ಕ."

"ನಿಂಗೆ ಅನ್ನ ಹಾಕಿದ ಮನೆ ಕಣೇ ಇದು! ಇಲ್ಲೂ ಸತ್ಯಮ್ಮನ ಆಟ ಆಡ್ತೀಯಾ?" ಅತ್ತಳು. ಮಗು ಅವಳನ್ನು ನೋಡಿ ಅತ್ತಿತು.

ನನಗೂ ಅಳು ಬಂತು, ಆದರೆ ಹರಿಯಲು ಕೈ ಬರಲಿಲ್ಲ. ಆ ಪುಟ ಹೋದರೆ ಯಾವ ಡ್ರಮ್ ಎಷ್ಟು ಹಳೆಯದು ಅಂತ ಲೋಕದಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ನಾಳೆ ಮಾಮ ಇಲ್ಲದಿದ್ದರೆ ಇನ್ನೊಬ್ಬ ಬಂದು ಸ್ಪ್ಯಾನರ್ ಹಾಕುತ್ತಾನೆ.

ಈ ಸಾಲು ಮುಗಿಸಿ ಪುಸ್ತಕವನ್ನು ಭಾವನ ಕೈಗೇ ಕೊಡುತ್ತೇನೆ. ಹರಿಯುವುದಿದ್ದರೆ ಅವರೇ ಹರಿಯಲಿ.

ಏಪ್ರಿಲ್ 20. ಬೆಳಿಗ್ಗೆ 7

ಪುಸ್ತಕ ನನ್ನ ಚಪ್ಪಲಿಯ ಪಕ್ಕದಲ್ಲಿತ್ತು. ಪುಟ ಎಣಿಸಿದೆ. ಎಲ್ಲ ಇವೆ.

ಭಾವ ಶೇವ್ ಮಾಡುತ್ತಾ ಕನ್ನಡಿಯಲ್ಲೇ ಮಾತಾಡಿದರು. "ನನ್ ಕಿವಿ ಅಷ್ಟೊಂದು ಕೆಂಪಗಾಗುತ್ತಾ?"

"ಆಗುತ್ತೆ."

"ಹ್ಞೂಂ." ಬ್ಲೇಡ್ ತೊಳೆದರು. "ಮಾರ್ಚ್ ಹನ್ನೊಂದು ಎರಡು ಸಲ ಓದ್ದೆ. ನಾನು ಹೇಳಿದ್ದು ಅಷ್ಟೇನೇ. ಒಂದ್ ಮಾತೂ ಹೆಚ್ಚಿಗೆ ಬರ್ದಿಲ್ಲ ನೀನು." ಮುಖ ಒರೆಸಿಕೊಂಡರು. "ತಪಾಸಣೆಯವರ ಕಚೇರಿಗೆ ನಾನೇ ಫೋನ್ ಮಾಡ್ತೀನಿ. ಮ್ಯಾನೇಜರ್‌ಗೆ ಆಮೇಲೆ ಹೇಳಿದ್ರಾಯ್ತು."

ಅಕ್ಕ ಕೇಳಿಸಿಕೊಂಡಳು. ಒಂದೇ ಡಬ್ಬಿ ಕಟ್ಟಿದಳು. ಭಾವನದು.

ಏಪ್ರಿಲ್ 21. ಮಧ್ಯಾಹ್ನ 12.50

ಗೇಟಿನ ಪಕ್ಕದ ಕೋಣೆಯಲ್ಲಿದ್ದೇವೆ. ಹತ್ತಕ್ಕೆ ಅಧಿಕಾರಿ ಬಂದರು. ಕನ್ನಡಕದ ಹೆಂಗಸು, ಟೀ ಬೇಡ ಅಂದರು. ಪುಸ್ತಕ ಓದಿದರು. ಅಂಗೈಯಿಂದ ಇಳಿಸಿದ ಎಂಟು ದಿನಾಂಕ ಗುರುತು ಹಾಕಿಕೊಂಡರು. ನನ್ನ ಬೇಕರಿ, ಝೆರಾಕ್ಸ್ ಎಲ್ಲ ಓದಿರಬೇಕು. ಒಂದು ಸಲ ತುಟಿಯಂಚು ಅಲ್ಲಾಡಿತು.

"ಹನ್ನೆರಡು, ಇಪ್ಪತ್ತೇಳು, ನಲವತ್ತು. ಇವಕ್ಕೆ ದಿನಾಂಕ ಇಲ್ವಲ್ಲ?"

"ಆವತ್ತು ಬರೀಲಿಲ್ಲ ಮೇಡಂ."

"ಅಕ್ಟೋಬರ್ ಇಪ್ಪತ್ತೆರಡರದ್ದು ಎಲ್ಲಕ್ಕಿಂತ ಹಳೇದು ಅಂತ ಬರೆದಿದ್ದೀರಿ. ಅದು ಎಂಟರಲ್ಲಿ ಇಲ್ಲ."

"ಈ ಮೂರರಲ್ಲಿ ಒಂದು. ಯಾವುದು ಅಂತ ಗೊತ್ತಿಲ್ಲ."

ಮ್ಯಾನೇಜರ್ ಕುರ್ಚಿ ಮುಂದಕ್ಕೆ ಎಳೆದರು. ಇಷ್ಟು ದಿನ ನನ್ನ ಹೆಸರೂ ಗೊತ್ತಿರದಿದ್ದವರು. "ಸ್ವಲ್ಪ ಜ್ಞಾಪಿಸ್ಕೋಮ್ಮ. ಹನ್ನೆರಡೇ ಇರ್ಬೇಕು, ಅಲ್ವಾ? ಒಂದು ಹೇಳ್ಬಿಟ್ರೆ ಒಂದಕ್ಕೆ ವ್ಯವಸ್ಥೆ ಮಾಡ್ತಾರೆ."

"ಗೊತ್ತಿಲ್ಲದಿದ್ರೆ?" ಅಂತ ಮೇಡಂನ ಕೇಳಿದೆ.

"ಗೊತ್ತಿಲ್ಲ ಅಂದ್ರೆ ಮೂರನ್ನೂ ಅತಿ ಹಳೇದು ಅಂತಲೇ ಹಿಡೀಬೇಕು. ಹೊರಗಿನಿಂದ ಪರಿಣತರು ಬರೋ ತನಕ ಯಾರೂ ಮುಟ್ಟೋ ಹಾಗಿಲ್ಲ. ಕಾರ್ಖಾನೆ ಅಲ್ಲೀವರೆಗೆ ಬಂದ್."

ಭಾವ ನೆಲ ನೋಡುತ್ತಿದ್ದರು. ಎಷ್ಟು ಸುಲಭ. ಹನ್ನೆರಡು ಅಂದರೆ ಮುಗಿಯಿತು. ಮೂರಕ್ಕೊಂದು ಸಲ ಅದು ನಿಜವೂ ಆದೀತು. ಉಳಿದ ಎರಡನ್ನು ಯಾರು ಬಿಚ್ಚುತ್ತಾರೆ? ಕಿಟಕಿಯಾಚೆ ಮಾಮ ಮರದ ಕೆಳಗೆ ಕೂತಿದ್ದರು, ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು.

"ಗೊತ್ತಿಲ್ಲ ಮೇಡಂ" ಅಂದೆ.

ಮ್ಯಾನೇಜರ್ ಎದ್ದು ಹೋದರು. ಸುಳ್ಳು ಲೇಬಲ್ ಬರೆದ ಕೈ ನನ್ನದು, ಬರೆಸಿದ್ದು ಭಾವ. ಇಬ್ಬರ ಮೇಲೂ ಕ್ರಮ ಆಗುತ್ತದೆ, ಮ್ಯಾನೇಜರನ್ನೂ ಬಿಡುವುದಿಲ್ಲ ಅಂದರು ಮೇಡಂ. ಕ್ವಾರ್ಟರ್ಸಿನ ಮಾತು ಯಾರೂ ಎತ್ತಲಿಲ್ಲ. ಎತ್ತುತ್ತಾರೆ.

ಪುಸ್ತಕ ಸಾಕ್ಷಿಗೆ ಬೇಕಂತೆ, ಪೂರ್ತಿ. ಕೊನೆಯದೊಂದು ಪುಟ ಬರೆದು ಕೊಡುತ್ತೇನೆ ಅಂದೆ. ಬರೆಯಿರಿ, ಆ ಮೂರರ ವಿಷಯವೂ ನಿಮ್ಮ ಕೈಯಲ್ಲೇ ಇರಲಿ ಅಂದರು.

ನಂಬರ್ 12. ಮೊದಲ ಹನಿ ಬಿದ್ದ ದಿನಾಂಕ: ಗೊತ್ತಿಲ್ಲ.
ನಂಬರ್ 27. ಗೊತ್ತಿಲ್ಲ.
ನಂಬರ್ 40. ಗೊತ್ತಿಲ್ಲ.

ಸಹಿ ಹಾಕಿದೆ. ದುಂಡಗೆ ಬಂತು.

ಗೇಟಿನಲ್ಲಿ ಅಕ್ಕ. ವಾಚ್‌ಮನ್ ತಡೆದಿದ್ದಾನೆ, ಅವಳು ಜೋರು ಮಾಡುತ್ತಿದ್ದಾಳೆ. ಸೊಂಟದ ಮೇಲೆ ಮಗು. ಇನ್ನೊಂದು ಕೈಯಲ್ಲಿ ಚೀಲ, ಅದರಲ್ಲಿ ಡಬ್ಬಿ. ಒಂದೋ ಎರಡೋ, ಇಲ್ಲಿಂದ ಕಾಣುತ್ತಿಲ್ಲ. ಮೇಡಂ ಪುಸ್ತಕಕ್ಕೆ ಕೈ ಚಾಚಿದ್ದಾರೆ—