ಬಿಳಿ ಗಂಜಿಯ ಅಳತೆ

ಮಾರ್ಚ್ 3, ಭಾನುವಾರ, ಬೆಳಿಗ್ಗೆ 9

ಈ ವಾರ ನನ್ನ ಸರದಿ. ಗ್ರೂಪಿನ ನಿಯಮ ಸುಲಭ — ಭಾನುವಾರಕ್ಕೊಬ್ಬರು, ಮನೆಯ ಒಂದು ಅಡುಗೆ, ಜೊತೆಗೊಂದು ನೆನಪು. ಶುರು ಮಾಡಿದವಳು ಅಕ್ಕನ ಮಗಳು. ವರ್ಷದ ಮೊದಲಲ್ಲೇ ಯಾರು ಯಾವ ವಾರ ಎಂದು ಪಟ್ಟಿ ಹಾಕಿದ್ದಾಳೆ. ಹೋದ ವಾರ ಸೋದರತ್ತೆ ಸುಟ್ಟ ಬದನೆಕಾಯಿಯ ಬಗ್ಗೆ ಬರೆದಿದ್ದರು. ನೆನಪಿನ ಭಾಗದಲ್ಲಿ ಪೂರ್ತಿ ಮಾವನಿಗೆ ಬೈಗುಳ.

ಅಮ್ಮನ ಬಿಳಿ ಗಂಜಿ ಹಾಕಿದೆ. ಅಕ್ಕಿ, ನೀರು, ಹಾಲು, ಉಪ್ಪು. ಮೇಲೆ ಬೆಣ್ಣೆಯಲ್ಲಿ ಕೆಂಪಗೆ ಹುರಿದ ಬೆಳ್ಳುಳ್ಳಿ. ಜ್ವರ ಬಂದವರಿಗೆ ಮಾತ್ರ ಸಿಗುತ್ತಿದ್ದದ್ದು. ಒಮ್ಮೆ ನಾನೂ ಅಕ್ಕನೂ ಬಿಸಿಲಲ್ಲಿ ಕೂತು ಹಣೆ ಕಾಯಿಸಿಕೊಂಡು ಅಮ್ಮನ ಮುಂದೆ ಹೋಗಿ ನಿಂತಿದ್ದೆವು. ಮುಟ್ಟಿ ನೋಡಿ, "ಪಾಪ, ಹಣೆಗೆ ಮಾತ್ರ ಜ್ವರ" ಅಂದಳು. ಆದರೂ ಮಾಡಿಕೊಟ್ಟಳು.

ಅಳತೆಯನ್ನು ಗ್ರಾಂನಲ್ಲೇ ಕೊಟ್ಟೆ. ಮೂರು ವರ್ಷದ ಹಿಂದೆ, ಅಮ್ಮ ಹೋದ ಮೇಲೆ, ಅವಳ ಅಡುಗೆ ನೋಟ್‌ಬುಕ್ಕನ್ನು ಟೈಪ್ ಮಾಡಿ ಬಂಧುಗಳಿಗೆಲ್ಲ ಹಂಚಿದ್ದೆನಲ್ಲ, ಅದರಿಂದಲೇ ತೆಗೆದದ್ದು. ಅಮ್ಮ ಬರೆದಿದ್ದು ಬರೀ 'ಲೋಟ'. ನಾನು ಲೋಟ ಅಂದರೆ ಇನ್ನೂರು ಮಿಲಿ ಎಂದು ಹಿಡಿದೆ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು — 'ಮೂಲದಲ್ಲಿ ಅಳತೆ ಸ್ಪಷ್ಟವಿಲ್ಲ, ಸರಿಪಡಿಸಲಾಗಿದೆ.' ಔಷಧಿ ಫ್ಯಾಕ್ಟರಿಯ ನಮ್ಮ ಲ್ಯಾಬಿನಲ್ಲಿ ದಿನಾ ಬರೆಯುವ ಮಾತು. ಕೈ ತಾನಾಗಿ ಬರೆಯಿತು.

ಅಕ್ಕ ಆ ಪುಸ್ತಕ ವಾಪಸ್ ಕಳಿಸಿದಳು. ಫೋನಿನಲ್ಲಿ ಒಂದೇ ಮಾತು. "ಅಮ್ಮನ್ನ ಸರಿಪಡಿಸೋಕೆ ನೀನ್ಯಾರು?" ಅಲ್ಲಿಂದ ಈಚೆಗೆ ಮಾತಿಲ್ಲ.

ಸಂಜೆ 5

ಅಕ್ಕನ ಮೆಸೇಜ್. ಗ್ರೂಪಿನಲ್ಲಿ, ಎಲ್ಲರ ಎದುರು. ಮೂರು ವರ್ಷದಲ್ಲಿ ನನಗೆ ಅವಳು ಬರೆದ ಮೊದಲ ಸಾಲು —

'ನೀರು ಜಾಸ್ತಿ ಆಯ್ತು.'

ಉತ್ತರ ಬರೆದೆ, ಅಳಿಸಿದೆ. ಮತ್ತೆ ಬರೆದೆ, ಅಳಿಸಿದೆ. ಕೋಪ ಬರಬೇಕಿತ್ತು. ಯಾಕೋ ಖುಷಿಯಾಯಿತು.

ಮಾರ್ಚ್ 5

ಮಧ್ಯಾಹ್ನ ಲ್ಯಾಬಿಗೆ ಭಾವನ ಫೋನ್. ಮಾತ್ರೆಗಳ ತೂಕ ನೋಡುತ್ತಿದ್ದೆ. ಇಪ್ಪತ್ತರಲ್ಲಿ ಹದಿನಾಲ್ಕು ಆಗಿತ್ತು.

"ನೋಡಮ್ಮ, ಅವಳು ಹೇಳ್ಬೇಡ ಅಂದಿದ್ಲು. ಆದ್ರೆ ಇನ್ನು ಹೇಳ್ದೆ ಇದ್ರೆ ನಾನು ಮನುಷ್ಯನೇ ಅಲ್ಲ."

ಅನ್ನನಾಳದಲ್ಲಿ ಗಡ್ಡೆ. ಐದು ತಿಂಗಳಾಯಿತಂತೆ. ಆಪರೇಷನ್ ಮಾಡುವ ಹಂತ ದಾಟಿದೆ. ಗಟ್ಟಿಯದೇನೂ ಇಳಿಯುವುದಿಲ್ಲ. ತೆಳ್ಳಗಿನದು ಇನ್ನೆಷ್ಟು ದಿನವೋ ಡಾಕ್ಟರೂ ಹೇಳುತ್ತಿಲ್ಲ, ಆಮೇಲೆ ಟ್ಯೂಬ್.

"ಭಾನುವಾರ ನಿನ್ನ ಗಂಜಿ ವಿಷಯ ಮಗಳು ಓದಿ ಹೇಳಿದ್ಲು. ಎರಡು ಸಲ ಓದಿಸ್ಕೊಂಡ್ಲು. ಆಮೇಲೆ ಅದೇ ಬೇಕು ಅಂತ ಕೂತಿದಾಳೆ. ನಾನು ಮಾಡಿದೆ, ಮಗಳು ಮಾಡಿದ್ಲು. ಗೋಡೆಗೆ ಬಳಿಯೋಕೆ ಇಟ್ಕೊಳ್ಳಿ ಅಂದ್ಲು."

ಉಳಿದ ಆರು ಮಾತ್ರೆ ತೂಕ ಮಾಡಿ, ಬರೆದು, ಸಹಿ ಹಾಕಿದೆ. ಯಾಕೆ ಹಾಗೆ ಮಾಡಿದೆ? ಅರ್ಧಕ್ಕೆ ಬಿಟ್ಟಿದ್ದರೆ ಯಾರು ಕೇಳುತ್ತಿದ್ದರು?

ಮಾರ್ಚ್ 6

ಫ್ಲಾಸ್ಕಿನಲ್ಲಿ ಗಂಜಿ ಹಾಕಿಕೊಂಡು ಹೋದೆ. ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ. ಇಷ್ಟು ಸಣ್ಣಗಾಗಿದ್ದಾಳೆ ಎಂದು ಭಾವ ಹೇಳಿರಲಿಲ್ಲ.

"ಬಂದ್ಯಾ ಸೌಟು," ಅಂದಳು. ದನಿ ಗೊರಗೊರ.

ಸೌಟು ನಾನು. ನನ್ನ ಹೆಬ್ಬೆರಳ ತುದಿ ಅಗಲ, ಚಪ್ಪಟೆ. ಚಿಕ್ಕವಳಿದ್ದಾಗ ಅಕ್ಕ ಇಟ್ಟ ಹೆಸರು. ಶಾಲೆಯಲ್ಲಿ ಕೈ ಕಟ್ಟಿ ನಿಲ್ಲಿಸಿದರೆ ಬೆರಳನ್ನು ಕಂಕುಳಲ್ಲಿ ಬಚ್ಚಿಡುತ್ತಿದ್ದೆ. ಅವಳದು ಅಪ್ಪನ ಹಾಗೆ ಉದ್ದ, ನಾಜೂಕು.

ಒಂದು ಚಮಚ ಕುಡಿದಳು. ಇಳಿಯಲು ಬಹಳ ಹೊತ್ತು ಹಿಡಿಯಿತು. ನಾನೂ ಜೊತೆಯಲ್ಲೇ ನುಂಗುತ್ತಿದ್ದೆ, ಗೊತ್ತಿಲ್ಲದೆ.

"ಇದು ನಿನ್ನ ಫ್ಯಾಕ್ಟರೀದು ಕಣೇ. ಊಟಕ್ಕೆ ಮುಂಚೆನೋ ಆಮೇಲೋ?"

"ಅಕ್ಕ…"

"ಉಪ್ಪು ಕಮ್ಮಿ, ನೀರು ಜಾಸ್ತಿ. ಲೋಟ ಎಲ್ಲಿ?"

ಅಮ್ಮನ ಲೋಟ. ಪಾತ್ರೆ ಹಂಚಿಕೊಂಡಾಗ ಲೋಟ ಅವಳಿಗೆ ಹೋಯಿತು, ನೋಟ್‌ಬುಕ್ ನನಗೆ. ಈಗ ಅದರಲ್ಲಿ ಭಾವ ಶೇವಿಂಗ್ ಬ್ರಷ್ ಇಡುತ್ತಾರಂತೆ.

"ಮನೇಲಿದೆ, ತೊಳ್ಕೊಂಡು ತಗೊಂಡ್ಹೋಗು," ಅಂದಳು. "ಸೋಪಿನ ಗಂಜಿ ತರ್ಬೇಡ."

ಸರಿಪಡಿಸಿದ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಕ್ಷಮೆ ಕೇಳುವ ಮಾತು ಬಾಯಿಗೆ ಬಂದಿತ್ತು. ಗಂಜಿ ಸರಿಯಾಗಿ ಮಾಡಿಕೊಂಡು ಹೋಗಿ ಕೇಳೋಣ ಎನಿಸಿತು. ಅದೇ ಕ್ಷಮೆ ಆಗುತ್ತದೆ ಎಂದುಕೊಂಡೆ.

ಮಾರ್ಚ್ 8

ಸ್ಟೀಲ್ ಲೋಟ. ಹೊಟ್ಟೆಯ ಹತ್ತಿರ ನೆಗ್ಗು — ನಾನೇ ಮೆಟ್ಟಿಲ ಮೇಲಿಂದ ಬೀಳಿಸಿದ್ದು. ಲ್ಯಾಬಿಗೆ ಒಯ್ದೆ. ಊಟದ ಬಿಡುವಿನಲ್ಲಿ ಅಂಚಿನವರೆಗೆ ನೀರು ತುಂಬಿ ತೂಕ ಮಾಡಿದೆ. ಮೂರು ಸಲ. ಸರಾಸರಿ 163 ಗ್ರಾಂ. ಇನ್ನೂರಲ್ಲ. ಉಪ್ಪಿಗೆ ಅಮ್ಮ ಬರೆದದ್ದು ಚಮಚ. ಲೋಟ ದೊಡ್ಡದು ಮಾಡಿ ಚಮಚ ಹಾಗೇ ಬಿಟ್ಟರೆ ಉಪ್ಪು ಕಮ್ಮಿಯಾಗದೆ ಇನ್ನೇನು.

ಪಕ್ಕದ ಟೇಬಲ್ಲಿನ ಹುಡುಗಿ ಕೇಳಿದಳು, "ಮೇಡಂ, ಯಾವ ಬ್ಯಾಚ್ ಇದು?"

"ಹಳೇದು," ಅಂದೆ.

ಮಾರ್ಚ್ 9

ಮೊದಲ ಟ್ರಯಲ್. ಉಪ್ಪು ಸರಿ. ತೆಳು.

ಮಾರ್ಚ್ 10

ನಾಲ್ಕು ಟ್ರಯಲ್. ಹಳೇ ಅಕ್ಕಿ, ಹೊಸ ಅಕ್ಕಿ. ಉರಿ ಕಮ್ಮಿ, ಉರಿ ಜಾಸ್ತಿ. ಕೋಷ್ಟಕ ಹಾಕಿಕೊಂಡಿದ್ದೇನೆ. ಅಮ್ಮನದು ಚಮಚಕ್ಕೆ ಅಂಟಿ, ಒಂದು ಕ್ಷಣ ಯೋಚಿಸಿ, ಆಮೇಲೆ ಬೀಳುತ್ತಿತ್ತು. ನನ್ನದು ಸುರಿಯುತ್ತದೆ.

ಮಾಡಿದ್ದನ್ನೆಲ್ಲ ಇವರೇ ತಿನ್ನಬೇಕು. "ನಂಗೆ ಜ್ವರ ಬಂದಿಲ್ಲ ಕಣೇ," ಅಂದರು ನಾಲ್ಕನೇ ಬಟ್ಟಲಿಗೆ. ಆಮೇಲೆ, "ಇವತ್ತು ಹೋಗ್ಬಾರ್ದಿತ್ತಾ? ಗಂಜಿ ಇಲ್ದೇನೂ ಹೋಗ್ಬಹುದಲ್ವಾ?"

ಬಟ್ಟಲು ತೊಳೆಯಲು ಹೋದೆ. ಬರಿಗೈಲಿ ಹೋದರೆ ಏನು ಮಾತಾಡುವುದು ಎಂಬ ಭಯ ಇತ್ತು. ಅದನ್ನು ಇಲ್ಲಿಯಾದರೂ ಬರೆದಿಡುತ್ತೇನೆ.

ಮಾರ್ಚ್ 11

ಅಕ್ಕನ ಮಗಳ ಮೆಸೇಜ್ — 'ಚಿಕ್ಕಮ್ಮ, ಯಾವಾಗ ಬರ್ತೀರಾ? ಅಮ್ಮ ಕೇಳ್ತಿದಾಳೆ.'

'ಪರ್ಫೆಕ್ಟ್ ಆದ ತಕ್ಷಣ' ಎಂದು ಬರೆದೆ. ಜೊತೆಗೊಂದು ನಗುಮುಖ.

ಮಾರ್ಚ್ 13

ಇದ್ದುದರಲ್ಲಿ ಒಳ್ಳೆಯದನ್ನು ತೆಗೆದುಕೊಂಡು ಹೋದೆ. ಏಳನೆಯದು.

ಅರ್ಧ ಚಮಚ. ಇಳಿಯಲಿಲ್ಲ. ಕೆಮ್ಮಿದಳು, ಬಟ್ಟೆಗೆ ಉಗಿದಳು. ನರ್ಸ್ ಬಂದು ಬೆನ್ನು ತಟ್ಟಿದರು. ಸುಧಾರಿಸಿಕೊಂಡ ಮೇಲೆ ತುಟಿ ಸವರಿಕೊಂಡು ಅಂದಳು —

"ಉಪ್ಪು ಬಂತು. ನೀರು ಇನ್ನೂ ಜಾಸ್ತಿ."

"ಆರು ಲೋಟ ಅಂತಾನೇ ಬರ್ದಿರೋದು ಅಕ್ಕ. ತೂಕ ಮಾಡಿ ಹಾಕಿದೀನಿ."

"ಅಮ್ಮ ಅಳೆಯೋದು ನೋಡಿದೀಯೇನೇ ಯಾವತ್ತಾದ್ರೂ?"

ನೋಡಿಲ್ಲ. ನಾನು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಇಂಗ್ಲಿಷ್ ಪಾಠ ಬಾಯಿಪಾಠ ಮಾಡುತ್ತಿದ್ದೆ. ಅಡುಗೆಮನೆಗೆ ಕರೆ ಬರುತ್ತಿದ್ದದ್ದು ಅಕ್ಕನಿಗೆ. ಅವಳು ಓದಿದ್ದು ಪಕ್ಕದ ಬೀದಿಯ ಶಾಲೆಯಲ್ಲಿ. ಬಸ್ಸು, ಟೈ, ಬೂಟು ನನಗೊಬ್ಬಳಿಗೇ. ಅದನ್ನೂ ಅವಳು ಯಾವತ್ತೂ ಎತ್ತಿ ಆಡಿಲ್ಲ.

ಚೀಲದಿಂದ ಲೋಟ ತೆಗೆಸಿದಳು. ಮೇಜಿನ ಮೇಲಿದ್ದ ಜಗ್ಗನ್ನು ಹತ್ತಿರ ಎಳೆಸಿಕೊಂಡಳು. ಕೈಗೆ ಸೂಜಿ ಚುಚ್ಚಿ ಪಟ್ಟಿ ಹಾಕಿದ್ದರು; ಆ ಕೈಯಲ್ಲೇ ಲೋಟ ಹಿಡಿದಳು. ನಾಲ್ಕು ಬೆರಳು ಹೊರಗೆ. ಹೆಬ್ಬೆರಳು ಒಳಗೆ.

"ಒದ್ದೆ ಲೋಟ ಜಾರುತ್ತಲ್ಲ. ಅದಕ್ಕೇ ಹಿಂಗೆ ಹಿಡ್ಕೊಂಡು ಕೊಳಗದಿಂದ ಮೊಗೀತಿದ್ಲು. ಹಿಂಗೇ ಸುರೀತಿದ್ಲು. ಬೆರಳಿನ ಜಾಗದಲ್ಲಿ ನೀರು ಇರ್ತಿರ್ಲಿಲ್ಲ."

"ಅಕ್ಕಿಗೆ?"

"ಅಕ್ಕಿ ಯಾಕೆ ಜಾರುತ್ತೆ? ಅದಕ್ಕೆ ಹೊರಗೇ ಹಿಡಿಯೋದು."

"ಹಾಲಿಗೆ?"

"ಬಿಸಿ ಹಾಲಿಗೆ ಬೆರಳು ಅದ್ತಾರೇನೇ? ಇಷ್ಟು ಓದಿ…"

ನಕ್ಕಳು. ನಗು ಕೆಮ್ಮಾಯಿತು. ನಾನೂ ನಗುತ್ತಿದ್ದೆ.

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀನು ಬರ್ಲಿಲ್ವಲ್ಲ."

ಆಮೇಲೆ ಹೇಳಿದ ಮಾತನ್ನು ಇಲ್ಲಿ ಹಾಗೇ ಬರೆಯುತ್ತೇನೆ, ಮರೆಯಬಾರದು.

"ನಂಗೂ ಯಾವತ್ತೂ ಸರಿ ಬಂದಿಲ್ಲ ಕಣೇ. ನಂದು ಅಪ್ಪನ ಬೆರಳು, ಸಣ್ಣದು. ಒಂದೊಂದು ಗುಟುಕು ನೀರು ಜಾಸ್ತಿನೇ ಬೀಳೋದು. ಅಮ್ಮನ ಬೆರಳು ನಿಂಗೆ ಬಂದಿದೆ. ಒಂದ್ಸಲ ಅಡುಗೆಮನೆಗೆ ಬಂದಿದ್ರೆ ಆಗ್ತಿತ್ತು, ಸೌಟು."

ಮಾರ್ಚ್ 14

ಲ್ಯಾಬ್ ಇನ್‌ಸ್ಪೆಕ್ಷನ್. ರಜೆ ಕೊಡಲಿಲ್ಲ, ಗಟ್ಟಿಯಾಗಿ ಕೇಳಲೂ ಇಲ್ಲ. ನಾನು ಹೊರಟಾಗ ಆಸ್ಪತ್ರೆಗೆ ಬಿಡುವ ಹೊತ್ತು ಮುಗಿದಿತ್ತು.

ಮನೆಗೆ ಬಂದು ಬೆರಳು ಒಳಗಿಟ್ಟು ನೀರು ಮೊಗೆದೆ. ತೂಕ ನೋಡಬಾರದು ಎಂದುಕೊಂಡೆ, ನೋಡಿಯೇಬಿಟ್ಟೆ. 146. ಲೋಟಕ್ಕೆ ಹದಿನೇಳು ಗ್ರಾಂ. ಆರು ಲೋಟಕ್ಕೆ ನೂರ ಎರಡು. ಅಷ್ಟು ನೀರನ್ನು ಮೂರು ವರ್ಷ ಬಂಧುಗಳ ಮನೆಯಲ್ಲೆಲ್ಲ ಕುದಿಸಿದ್ದೇನೆ, ಅಮ್ಮನ ಹೆಸರಿನಲ್ಲಿ.

ಗಂಜಿ ಚಮಚಕ್ಕೆ ಅಂಟಿತು. ಬೀಳುವ ಮೊದಲು ಒಂದು ಕ್ಷಣ ಯೋಚಿಸಿತು.

ಇವರು ತಿಂದು ಮುಗಿಸಿದರು. ಬಟ್ಟಲು ಮುಂದೆ ಚಾಚಿದರು.

ನಾಳೆ ಬೆಳಿಗ್ಗೆ ಮೊದಲ ಕೆಲಸ.

ಮಾರ್ಚ್ 15

ಬೆಳಿಗ್ಗೆ ಹೊಸದಾಗಿ ಮಾಡಿ, ಬೆಳ್ಳುಳ್ಳಿಯನ್ನು ಬೇರೆ ಡಬ್ಬಿಯಲ್ಲಿ ಹಾಕಿಕೊಂಡು ಹೋದೆ. ಭಾವ ಮೆಟ್ಟಿಲ ಹತ್ತಿರವೇ ನಿಂತಿದ್ದರು.

"ನಿನ್ನೆ ಸಂಜೆ ಟ್ಯೂಬ್ ಹಾಕ್ಬಿಟ್ರಮ್ಮ. ನೀರೂ ಇಳೀಲಿಲ್ಲ."

ಮೂಗಿಗೆ ಟ್ಯೂಬು, ಕೆನ್ನೆಗೆ ಪಟ್ಟಿ. ಬಾಯಿಗೆ ಏನೂ ಕೊಡಬಾರದು ಎಂದು ಮಂಚದ ತಲೆಯ ಹತ್ತಿರ ಬರೆದು ಅಂಟಿಸಿದ್ದಾರೆ.

ಫ್ಲಾಸ್ಕನ್ನು ಚೀಲದಲ್ಲೇ ಮುಚ್ಚಿಡಲು ನೋಡಿದೆ. ಅವಳು ಕೈ ತೋರಿಸಿದಳು. ತೆಗೆ. ಮುಚ್ಚಳ ಬಿಚ್ಚಿ ಮುಖದ ಹತ್ತಿರ ಹಿಡಿದೆ. ಟ್ಯೂಬಿದ್ದರೂ ಒಂದು ಹೊಳ್ಳೆ ಖಾಲಿ ಇತ್ತು. ಕಣ್ಣು ಮುಚ್ಚಿಕೊಂಡಳು. ಎಷ್ಟು ಹೊತ್ತು ಎಂದು ಲೆಕ್ಕ ಇಡಲಿಲ್ಲ.

ಚಮಚದಲ್ಲಿ ಎತ್ತಿ ತೋರಿಸಿದೆ. ಅಂಟಿ ನಿಂತದ್ದು, ಬಿದ್ದದ್ದು. ನೋಡಿದಳು.

"ನೀನು ತಿನ್ನು," ಅಂದಳು. ದನಿಯೇ ಇರಲಿಲ್ಲ, ಬರೀ ಗಾಳಿ. "ನಾನು ನೋಡ್ತೀನಿ."

ತಿಂದೆ. ಪೂರ್ತಿ. ಅವಳ ಗಂಟಲು ನನ್ನ ಜೊತೆಗೇ ಅಲ್ಲಾಡುತ್ತಿತ್ತು. ಕೊನೆಯ ಚಮಚಕ್ಕೆ ಹುಬ್ಬು ಹಾರಿಸಿ ಕೇಳಿದಳು — ಹೇಗಿದೆ?

"ಅಮ್ಮಂದು," ಅಂದೆ.

ತಲೆ ಆಡಿಸಿದಳು. ನನ್ನ ಹೆಬ್ಬೆರಳು ಹಿಡಿದುಕೊಂಡಳು, ಚಿಕ್ಕ ಮಕ್ಕಳು ಹಿಡಿದುಕೊಳ್ಳುವ ಹಾಗೆ. ಒಳಗೆ ಬಿಡುವ ಹೊತ್ತು ಮುಗಿಯಿತೆಂದು ನರ್ಸ್ ಹೇಳುವವರೆಗೆ ಹಿಡಿದೇ ಇದ್ದಳು.

ಆಗ ಕ್ಷಮೆ ಕೇಳಿದೆ. ಕೇಳಿಸಿತೋ ಇಲ್ಲವೋ. ಅವಳಿಗೆ ನಿದ್ದೆ ಬಂದಿತ್ತು.

ಮಾರ್ಚ್ 16

ಒಂಬತ್ತನೇ ತಾರೀಕು ಬರಿಗೈಲಿ ಹೋಗಿದ್ದರೆ? ಬೆರಳಿನ ವಿಷಯ ಆವತ್ತೇ ಹೇಳುತ್ತಿದ್ದಳು. ಹತ್ತಕ್ಕೆ ಮಾಡಿಕೊಂಡು ಹೋಗುತ್ತಿದ್ದೆ. ಹತ್ತಕ್ಕೆ ಒಂದು ಚಮಚವಾದರೂ ಇಳಿಯುತ್ತಿತ್ತು.

ನಾಲ್ಕು ದಿನ. ಕೋಷ್ಟಕ ಹರಿದು ಹಾಕಿದೆ.

ಮಾರ್ಚ್ 27

ದಿನಾ ಹೋಗುತ್ತಿದ್ದೇನೆ. ಬರಿಗೈಲಿ. ಮಾತಾಡಲು ಏನಿರುತ್ತದೆ ಎಂದು ಹೆದರಿದ್ದೆನಲ್ಲ. ಏನೂ ಬೇಕಾಗಲಿಲ್ಲ. ಏನು ಅಡುಗೆ ಎಂದು ಹುಬ್ಬಿನಲ್ಲೇ ಕೇಳುತ್ತಾಳೆ, ನಾನು ಹೇಳುತ್ತೇನೆ. ಒಗ್ಗರಣೆಯಿಂದ ಕೊನೆಯವರೆಗೆ. ಎಲ್ಲಿಯಾದರೂ ತಪ್ಪಿದರೆ ಬೆರಳು ಅಲ್ಲಾಡಿಸುತ್ತಾಳೆ.

ಇವತ್ತು ಬೆರಳು ಅಲ್ಲಾಡಲಿಲ್ಲ. ಬೇಕೆಂದೇ ಎರಡು ಸಲ ತಪ್ಪು ಹೇಳಿದೆ.

ಏಪ್ರಿಲ್ 2

ಬೆಳಿಗ್ಗೆ ಆರೂವರೆಗೆ. ಭಾವ ಪಕ್ಕದಲ್ಲಿದ್ದರು.

ಏಪ್ರಿಲ್ 14, ಭಾನುವಾರ

ಅಕ್ಕನ ಮಗಳ ಫೋನ್. ವರ್ಷದ ಮೊದಲಲ್ಲಿ ಹಾಕಿದ ಪಟ್ಟಿಯ ಪ್ರಕಾರ ಇವತ್ತು ಅಕ್ಕನ ಸರದಿ. ಹೆಸರು ತೆಗೆಯಲು ಅವಳಿಗೆ ಮನಸ್ಸಾಗಿಲ್ಲ.

"ಚಿಕ್ಕಮ್ಮ, ಅಮ್ಮನ ಬದಲು ನೀವೇ ಬರೀತೀರಾ? ಬಿಳಿ ಗಂಜಿನೇ ಬರೀರಿ. ಈ ಸಲ ಸರಿಯಾದ ಅಳತೆ."

"ಬರೀತೀನಿ ಪುಟ್ಟಿ."

"ಗ್ರಾಂನಲ್ಲಾ?"

"ಅಲ್ಲ."

ಬೆಳಗಿನಿಂದ ಕೂತಿದ್ದೇನೆ. ಲೋಟ ಮುಂದೆಯೇ ಇದೆ. ಮೊದಲು ಇಲ್ಲಿ ಬರೆದು, ಆಮೇಲೆ ಗ್ರೂಪಿಗೆ ಹಾಕುತ್ತೇನೆ.

ಅಕ್ಕಿ, ಒಂದು ಲೋಟ. ತುಂಬ.

ನೀರು, ಆರು ಲೋಟ. ಲೋಟ ಒದ್ದೆಯಾಗಿರುತ್ತದೆ, ಜಾರುತ್ತದೆ. ಆದ್ದರಿಂದ ನಾಲ್ಕು ಬೆರಳು ಹೊರಗೆ, ಹೆಬ್ಬೆರಳು ಒಳಗೆ. ಅಕ್ಕ ತೋರಿಸಿದ್ದು ಹೀಗೆ — ಕೈಗೆ ಪಟ್ಟಿ ಹಾಕಿತ್ತು, ಆದರೂ ಲೋಟವನ್ನು ಆ ಕೈಯಲ್ಲೇ ಹಿಡಿದಳು.